ಗೋವಾದಲ್ಲಿ ನಾನು ಸಿ.ಐ.ಡಿ. ಆಗಲಿಲ್ಲ!

ನಮ್ಮಪ್ಪ ಹುಡುಗನಾಗಿದ್ದಾಗ ಊರ ಟೆಂಟಿನಲ್ಲಿ ನೆಲಕ್ಕೆ ಕೂತು ‘ಗೋವಾದಲ್ಲಿ ಸಿ.ಐ.ಡಿ. 999’ ನೋಡಿದವರು. 1968ರ ಚಿತ್ರ. ದೊರೆ-ಭಗವಾನ್ ಜೋಡಿಯ ನಿರ್ದೇಶನ, ಅಣ್ಣಾವ್ರ ಪತ್ತೇದಾರಿಕೆ. ಹಾಗಾಗಿ ನಮ್ಮ ಮನೆಯಲ್ಲಿ ಗೋವಾ ಅಂದರೆ ಕಡಲೂ ಅಲ್ಲ, ಗೋಡಂಬಿಯೂ ಅಲ್ಲ. ಕೊನೇ ರೀಲಿಗೆ ಕಳ್ಳರೆಲ್ಲ ಸಿಕ್ಕಿಬೀಳುವ ಊರು!

ನಾನು ಹೋದಾಗ ಕಳ್ಳರು ಸಿಗಲಿಲ್ಲ ಸ್ವಾಮಿ. ಸಿಕ್ಕಿದವನು ನಾನು.

2018ರ ನವೆಂಬರ್. ಪಣಜಿಯಲ್ಲಿ 49ನೇ ಅಂತರರಾಷ್ಟ್ರೀಯ ಚಿತ್ರೋತ್ಸವ. 2004ರಿಂದ ಆ ಉತ್ಸವಕ್ಕೆ ಪಣಜಿಯೇ ಕಾಯಂ ಬೀಡು. ನನಗಾಗ ಇಪ್ಪತ್ತೊಂದೋ ಇಪ್ಪತ್ತೆರಡೋ. ಪಿಯುಸಿ ಎರಡನೇ ವರ್ಷಕ್ಕೆ ನಮಸ್ಕಾರ ಹಾಕಿ, ಆ ಪತ್ರಿಕೆಗೆ ಅರ್ಧ ಕಾಲಂ, ಈ ಪತ್ರಿಕೆಗೆ ಒಂದು ಪುಟ ಅಂತ ಬರೆದು ಹೊಟ್ಟೆ ಹೊರೆಯುತ್ತಿದ್ದವನು. ಜೇಬಿನಲ್ಲಿ ಆರು ಸಾವಿರ ರೂಪಾಯಿ. ಹೆಗಲಲ್ಲಿ ಒಂದು ಕ್ಯಾಮೆರಾ. ಅದು ನನ್ನದಲ್ಲ. ಊರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಗೆಳೆಯನದು. 38,000 ರೂಪಾಯಿಯ ಮಾಲು, ಇನ್ನೂ ಮೂರು ಕಂತು ಬಾಕಿ. “ಲಗ್ನದ ಸೀಜನ್ ಶುರುವಾಗೋದ್ರೊಳಗೆ ತಂದುಕೊಡೋ. ನನ್ನ ಅನ್ನ ಅದು” ಅಂದು ಕೊಟ್ಟಿದ್ದ. ಆ ಮಾತು ನೆನಪಿನಲ್ಲಿಟ್ಟುಕೊಳ್ಳಿ.

ಮೊದಲ ಏಟು ಊರು ಬಿಡುವ ಮುಂಚೆಯೇ ಬಿದ್ದಿತ್ತು, ನನಗೆ ಗೊತ್ತಾಗಿರಲಿಲ್ಲ ಅಷ್ಟೆ. ಉತ್ಸವದ ದಿನಗಳಲ್ಲಿ ಪಣಜಿಯಲ್ಲಿ ರೂಮಿನ ದರ ಕೇಳಿದರೆ ತಲೆ ತಿರುಗುತ್ತದೆ. ಫೋನಿನಲ್ಲಿ ಹುಡುಕಿದಾಗ ಬೀಚಿನ ಕಡೆ ಒಂದು ಚಂದದ ಮನೆ ಸಿಕ್ಕಿತು. ಫೋಟೋದಲ್ಲಿ ಕಿಟಕಿ ತೆಗೆದರೆ ಕಡಲು! 1,500 ರೂಪಾಯಿ ಅಡ್ವಾನ್ಸ್ ಕಳಿಸಿದೆ. ಹುಬ್ಬಳ್ಳಿಯಿಂದ ರಾತ್ರಿ ಬಸ್ಸು ಹತ್ತಿ, ಬೆಳಗಿನ ಜಾವ ಪಣಜಿಯ ಕದಂಬ ಬಸ್ ಸ್ಟ್ಯಾಂಡಿನಲ್ಲಿಳಿದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಆ ವಿಳಾಸ ಹುಡುಕಿಕೊಂಡು ಹೋದರೆ ಅಲ್ಲಿದ್ದದ್ದು ಪಂಕ್ಚರ್ ಅಂಗಡಿ. ಅಂಗಡಿಯಾತ ನನ್ನ ಬ್ಯಾಗು ನೋಡಿಯೇ “ರೂಮಾ?” ಅಂದ. ಆ ವಾರ ನಾನು ನಾಲ್ಕನೆಯವನಂತೆ. ಪುಣ್ಯಾತ್ಮ, ಕೂರಿಸಿ ಚಾ ಕುಡಿಸಿದ. ಫೋನು ಮಾಡಿದರೆ ಆ ಕಡೆಯ ನಂಬರು ಸ್ವಿಚ್ ಆಫ್. ಈಗಾದರೆ ಇಂಥದಕ್ಕೆ 1930 ಅಂತ ಒಂದು ನಂಬರಿದೆ, ದುಡ್ಡು ಹೋದ ಗಳಿಗೆಯಲ್ಲೇ ಒತ್ತಬೇಕು. ತಡಮಾಡಿದಷ್ಟೂ ದುಡ್ಡು ಕೈಯಿಂದ ಕೈಗೆ ದಾಟಿಬಿಡುತ್ತದೆ. ಆಗ ಅದೂ ಇರಲಿಲ್ಲ. ಕೊನೆಗೆ ಒಬ್ಬ ಮುದುಕಿಯಮ್ಮನ ಮನೆಯ ಹಿಂದಿನ ಕೋಣೆ ಸಿಕ್ಕಿತು. ಕಿಟಕಿ ತೆಗೆದರೆ ಹಂದಿಗೂಡು.

ಇನ್ನು ಓಡಾಟ. ಅಲ್ಲಿ ಟ್ಯಾಕ್ಸಿಯವರು ಹೇಳಿದ್ದೇ ರೇಟು. (2018ರಲ್ಲಿ ಬಂದ ‘ಗೋವಾ ಮೈಲ್ಸ್’ ಆ್ಯಪ್‌ನಲ್ಲಿ ಹತ್ತುವ ಮುಂಚೆಯೇ ದರ ಗೊತ್ತಾಗುತ್ತದೆ. ನನಗೆ ಅದರ ಸುದ್ದಿ ತಿಳಿದದ್ದು ಆಮೇಲೆ.) ಸ್ಕೂಟರ್ ಬಾಡಿಗೆ ದಿನಕ್ಕೆ 300 ಅಂದರು, ತಗೊಂಡೆ. ಒಬ್ಬ 400 ಹೇಳಿದ್ದ. ನೂರು ರೂಪಾಯಿ ಉಳಿಸಿದೆ ಅಂತ ಬೀಗಿದೆ. ಯಾಕೆ ಕಡಿಮೆ ಅಂತ ಮಾರನೆಯ ದಿನ ಪೊಲೀಸರು ಕೈ ಅಡ್ಡ ಹಾಕಿದಾಗ ತಿಳಿಯಿತು. ಬಾಡಿಗೆಗೆ ಪರವಾನಗಿ ಇರುವ ಗಾಡಿಯ ನಂಬರ್ ಪ್ಲೇಟು ಕಪ್ಪು, ಅಕ್ಷರ ಹಳದಿ. ನಾನು ಹತ್ತಿದ್ದು ಬಿಳೀ ಪ್ಲೇಟಿನ ಮನೆಗಾಡಿ. ದಂಡ ಕಟ್ಟಿದವನು ಸವಾರ, ಅಂದರೆ ಈ ಬಡಪಾಯಿ. ಅಷ್ಟಕ್ಕೇ ಮುಗಿಯಲಿಲ್ಲ. ವಾಪಸು ಕೊಡಲು ಹೋದಾಗ ಗಾಡಿಯವನು ಬಗ್ಗಿ, ಬೆರಳಾಡಿಸಿ, ಎಲ್ಲೋ ತಳದಲ್ಲಿದ್ದ ಒಂದು ಗೀರು ತೋರಿಸಿ 2,500 ಕೇಳಿದ. ಆ ಗೀರಿಗೆ ನನಗಿಂತ ವಯಸ್ಸಾಗಿತ್ತು! ಆದರೆ ನನ್ನ ಒರಿಜಿನಲ್ ಲೈಸೆನ್ಸು ಅವನ ಡ್ರಾಯರಿನಲ್ಲಿತ್ತಲ್ಲ. ಎಂಟುನೂರಕ್ಕೆ ಬಗೆಹರಿಯಿತು. ಈಗ ನಾನು ಗಾಡಿ ಮುಟ್ಟುವ ಮುಂಚೆ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಮಾಲೀಕನ ಮುಖವೂ ಬೀಳುವ ಹಾಗೆ ವಿಡಿಯೋ ತೆಗೆಯುತ್ತೇನೆ. ಲೈಸೆನ್ಸಿನ ಜೆರಾಕ್ಸ್ ಕೊಡುತ್ತೇನೆ. ಒರಿಜಿನಲ್ಲೇ ಬೇಕು ಅಂದವನಿಗೆ ದೊಡ್ಡ ನಮಸ್ಕಾರ.

ನಗು ಬರುವ ಪ್ರಸಂಗ ಒಂದಿದೆ, ಹೇಳಿಬಿಡುತ್ತೇನೆ. ಕಲಂಗೂಟದ ರಸ್ತೆಯಲ್ಲಿ ನೀಟಾಗಿ ಬೂಟು ಹಾಕಿದ ಒಬ್ಬ ಹುಡುಗ, ಒಬ್ಬ ಹುಡುಗಿ. ಸಮೀಕ್ಷೆಯಂತೆ. ಎರಡು ಪ್ರಶ್ನೆ, ಆಮೇಲೆ ಕೈಗೊಂದು ಕಾರ್ಡು. ಉಗುರಲ್ಲಿ ಕೆರೆದರೆ ಮೊದಲ ಬಹುಮಾನ! ಹುಡುಗಿ ಕಿರುಚಿದಳು, ಹುಡುಗ ಕೈ ಕುಲುಕಿದ. ಒಂದು ವಾರದ ರಜೆ ಫ್ರೀ, ರಿಸಾರ್ಟಿಗೆ ಬಂದು ತಗೋಬೇಕು, ಟ್ಯಾಕ್ಸಿ ಖರ್ಚೂ ಅವರದೇ. ನನ್ನ ಕಣ್ಣಲ್ಲಿ ನೀರೇ ಬಂತು ಅನ್ನಿ. ಆಗ ಹುಡುಗ ಕೇಳಿದ: “ಮೇಡಂ ಎಲ್ಲಿ ಸಾರ್?” ಯಾವ ಮೇಡಂ? “ನಿಮ್ಮ ಮಿಸೆಸ್ಸು.” ಮದುವೆ ಆಗಿಲ್ಲ ಅಂದೆ. “ಕ್ರೆಡಿಟ್ ಕಾರ್ಡ್?” ಇಲ್ಲ. ಇಬ್ಬರ ಮುಖವೂ ಒಣಗಿದ ಬಂಗಡೆಯಂತಾಯಿತು. ಕಾರ್ಡನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಹೋದರು. ಬ್ರಹ್ಮಚರ್ಯ, ಬಡತನ ಎರಡೂ ಒಟ್ಟಿಗೆ ನನ್ನನ್ನು ಕಾಪಾಡಿದ್ದು ಆ ಒಂದೇ ಸಲ!

ಮರುದಿನ ಬಸ್ಸಿನಲ್ಲಿ ಸಿಕ್ಕಿದ ಹುಬ್ಬಳ್ಳಿಯ ಹೊಸ ಜೋಡಿಗೆ ಆ ಅದೃಷ್ಟ ಇರಲಿಲ್ಲ. ಅವರಿಗೂ ಮೊದಲ ಬಹುಮಾನವೇ. (ಎಲ್ಲರಿಗೂ ಅದೇ.) ಎರಡೂವರೆ ತಾಸು ಏಸಿ ಕೋಣೆಯಲ್ಲಿ ಕೂರಿಸಿ, ಜ್ಯೂಸು ಕೊಟ್ಟು, ವರ್ಷಕ್ಕೊಂದು ವಾರ ರಜೆಯ ಮೆಂಬರ್‌ಶಿಪ್ ಅಂತ ಸಹಿ ಹಾಕಿಸಿ, 40,000 ರೂಪಾಯಿ ಕಾರ್ಡಿನಲ್ಲಿ ಎಳೆದಿದ್ದರಂತೆ. ಹುಡುಗಿ ಕಿಟಕಿಯಾಚೆ ನೋಡುತ್ತಿದ್ದಳು. ಗಂಡ ನನಗೆ ಕಾಗದ ತೋರಿಸಿ, “ಸಾರ್, ನೀವು ಪೇಪರ್‌ನೋರು, ಇದು ಖರೇನ ಇರ್ತದೇನ್ರಿ?” ಅಂತ ಮೂರು ಸಲ ಕೇಳಿದ.

ಸಂಜೆಯಾದರೆ ಬಾಗಾ ಕಡೆ ಕಿವಿಯ ಹತ್ತಿರ ಪಿಸುಗುಡುವವರ ಕಾಟ ಬೇರೆ. ಒಳಗೆ ಡ್ಯಾನ್ಸು, ಒಳಗೆ ಹುಡುಗಿಯರು, ಎಂಟ್ರಿ ಒಂದು ಸಾವಿರ. ಸಾವಿರಕ್ಕೆ ಒಳಗೆ ಹೋದವನು ಹೊರಗೆ ಬರಲು ಎಷ್ಟು ಕೊಡಬೇಕು ಅನ್ನುವುದು ಬಾಗಿಲು ಹಾಕಿದ ಮೇಲೆ ನಿರ್ಧಾರವಾಗುತ್ತದೆ. ಮರ್ಯಾದೆಗಂಜಿ ದೂರು ಕೊಡುವವರಿಲ್ಲ. ನಾನು ಹೋಗಲಿಲ್ಲ. ಗುಣವಂತ ಅಂತಲ್ಲ, ಸಾವಿರ ಇರಲಿಲ್ಲ.

ಈಗ ಕ್ಯಾಮೆರಾದ ವಿಷಯ.

ಉತ್ಸವದ ಐದನೇ ದಿನ. ಬೆಳಗಿನ ಚಿತ್ರ ಬಿಟ್ಟು ಬೀಚಿಗೆ ಹೋದೆ. ಬೀಚಿನ ಹೆಸರು ಬೇಡ. ಅಲ್ಲೊಂದು ಶ್ಯಾಕ್, ಅಂದರೆ ಸೀಜನ್ನಿಗೆ ಮಾತ್ರ ಕಟ್ಟುವ ಬಿದಿರು-ತಡಿಕೆಯ ಹೋಟೆಲು. ಒಂದು ಆಮ್ಲೆಟ್ ಹೇಳಿ ಮರದ ಮಂಚದ ಮೇಲೆ ಕೂತೆ. ಕೊರಳಲ್ಲಿ ಚಿತ್ರೋತ್ಸವದ ಡೆಲಿಗೇಟ್ ಕಾರ್ಡು. ತೆಗೆದಿಡಲು ಮನಸ್ಸು ಬರಲಿಲ್ಲ. ಹತ್ತು ಜನ ನೋಡಲಿ ಅನ್ನೋ ಚಪಲ.

ಊರಿಗೆ ಫೋನು ಮಾಡಿ ಮಾತಾಡುತ್ತಿದ್ದೆ. “ಯಾವೂರ್ ತಮ್ಮಾ ನಿಂದು?” ಅಂತ ಹಿಂದಿನಿಂದ ಕನ್ನಡ! ತಿರುಗಿದರೆ ಒಬ್ಬ ಲಂಬಾಣಿ ಹೆಂಗಸು. ನಲವತ್ತು ದಾಟಿರಬಹುದು. ತಲೆ ಮೇಲೆ ಬಟ್ಟೆ ಗಂಟು, ಮೊಳಕೈ ತನಕ ಮಣಿಸರ, ಕಾಲ್ಗೆಜ್ಜೆ. ಗದಗ ಜಿಲ್ಲೆಯ ತಾಂಡಾದವಳು. ಗೋವಾದ ಬೀಚುಗಳಲ್ಲಿ ಇವರು ಬಹಳ. ಮಳೆ ನಿಂತ ಮೇಲೆ ಬಂದು, ಮಳೆ ಹಿಡಿಯುವ ಮುಂಚೆ ಹೋಗುವವರು ಕೆಲವರು, ಅಲ್ಲೇ ನಿಂತವರು ಕೆಲವರು. ಬೀಚಿನಲ್ಲಿ ತಿರುಗಿ ಮಾರುವುದಕ್ಕೆ ಕಾನೂನಿಲ್ಲ. ದಾಳಿ ಬಂದರೆ ಗಂಟು ಹೊತ್ತು ಓಡಬೇಕು, ಸಿಕ್ಕರೆ ಮಾಲು ಹೋಯಿತು. ಘಟ್ಟದ ಮೇಲಿನವರಿಗೆಲ್ಲ ಅಲ್ಲಿ ‘ಘಾಟಿ’ ಅನ್ನುತ್ತಾರೆ. ಅದು ಬರೀ ವಿಳಾಸ ಅಲ್ಲ, ಬೈಗಳು.

“ಒಂದು ಗೆಜ್ಜಿ ತಗೋ, ತಂಗಿಗೆ ಆಕ್ಕತಿ” ಅಂದಳು. ಬೇಡ ಅಕ್ಕಾ ಅಂದೆ. ಎದ್ದು ಹೋಗುವಾಗ ನನ್ನ ಬ್ಯಾಗಿನ ಕಡೆ ನೋಡಿ, “ಚೀಲದ ಪಟ್ಟಿ ಕಾಲಿಗೆ ಸುತಗೊಂಡು ಕುಂದ್ರೋ. ಇಲ್ಲಿ ಮಂದಿ ಚಲೋ ಇಲ್ಲ” ಅಂದಳು. ನನಗೆ ಸಿಟ್ಟು ಬಂತು. ಪತ್ರಕರ್ತನಿಗೆ ಬುದ್ಧಿ ಹೇಳ್ತಾಳಲ್ಲ ಅಂತ!

ಹತ್ತು ನಿಮಿಷ ಕಳೆದಿರಬೇಕು. ಇಬ್ಬರು ಹುಡುಗರು ಬಂದರು. ಕಾರ್ಡು ಓದಿ, ಹೆಸರು ಹಿಡಿದೇ ಕರೆದರು. “ಸರ್, ನೀವು ಫಿಲ್ಮ್‌ನವರಾ? ನಮ್ಮದೊಂದು ಫೋಟೋ ತೆಗೀರಿ ಸರ್, ಅಲೆ ಹಿಂದೆ ಬರೋ ಹಾಗೆ.” ಅವರ ಫೋನು ಇಸಕೊಂಡು ಎದ್ದೆ. ಸ್ವಲ್ಪ ಎಡಕ್ಕೆ, ಗಲ್ಲ ಮೇಲೆತ್ತಿ, ಸೂರ್ಯ ಆ ಕಡೆ ಇರಲಿ... ಥೇಟ್ ಛಾಯಾಗ್ರಾಹಕನ ಗತ್ತು! ಆರೋ ಏಳೋ ಫೋಟೋ ತೆಗೆದೆ. ಥ್ಯಾಂಕ್ಸ್ ಹೇಳಿ ಹೋದರು. ತಿರುಗಿ ನೋಡಿದರೆ ಮಂಚದ ಮೇಲೆ ಆಮ್ಲೆಟ್ಟಿನ ತಟ್ಟೆ ಇದೆ, ಬ್ಯಾಗಿಲ್ಲ.

ಬಾಯಿ ಒಣಗಿತು. ಶ್ಯಾಕಿನ ಹುಡುಗ ಬಂದ. ಅವನು ಕೇಳಿದ ಮೊದಲ ಪ್ರಶ್ನೆ: “ಇಲ್ಲಿ ಆ ಗಂಟಿನವಳು ಕೂತಿದ್ದಳಲ್ಲ?” ಎರಡನೆಯವನು, “ಘಾಟಿಗಳೇ ಸರ್, ಇವರದ್ದೇ ಕೆಲಸ” ಅಂದ. ನಾನೂ ಘಟ್ಟದ ಮೇಲಿನವನೇ ಅನ್ನುವುದು ಅವನಿಗೆ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ ನೋಡಿ.

ಠಾಣೆಯಲ್ಲಿ ಕೇಳಿದರು, ಯಾರ ಮೇಲಾದರೂ ಅನುಮಾನ? ನನ್ನ ತಲೆಯಲ್ಲಿ ಗೆಳೆಯನ ಮುಖ, ಮೂರು ಕಂತು, ಲಗ್ನದ ಸೀಜನ್. ನನ್ನ ಹರಕು ಇಂಗ್ಲಿಷಿನಲ್ಲಿ, ನನ್ನ ಕೈಯಾರೆ ಬರೆದೆ: ಸಾಮಾನು ಮಾರುವ ಲಂಬಾಣಿ ಹೆಂಗಸು, ಕೆಂಪು ಲಂಗ, ಎಡಗೈಯಲ್ಲಿ ಹಚ್ಚೆ, ನನ್ನ ಚೀಲದ ಬಗ್ಗೆ ವಿಚಾರಿಸಿದ್ದಳು. ವಿಚಾರಿಸಿದ್ದಳು! ಎಚ್ಚರಿಸಿದ್ದಳು ಅಂತ ಬರೆಯಲಿಲ್ಲ. ಆ ಇಂಗ್ಲಿಷ್ ಪದ ನನಗೆ ಗೊತ್ತಿರಲಿಲ್ಲ ಅಂತ ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಗೊತ್ತಿತ್ತು.

ಅರ್ಧ ಗಂಟೆಯಲ್ಲಿ ಕರೆತಂದರು. ಗಂಟು ಬಿಚ್ಚಿ ಮೇಜಿನ ಮೇಲೆ ಸುರಿದರು. ಬೆಡ್‌ಶೀಟು, ಮಣಿಸರ, ಗೆಜ್ಜೆ, ಒಂದು ಪ್ಲಾಸ್ಟಿಕ್ ಕವರಿನಲ್ಲಿ ರೊಟ್ಟಿ, ಮಗುವಿನ ಒಂದು ಫೋಟೋ. ಬೆಂಚಿನ ಮೇಲೆ ಕೂರಿಸಿದರು. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಅದು ಅವಳಿಗೆ ಹೊಸದಲ್ಲ ಅಂತ ಕೂತ ರೀತಿಯಲ್ಲೇ ಗೊತ್ತಾಗುತ್ತಿತ್ತು. ನಾನು ಎದುರು ಬೆಂಚಿನಲ್ಲಿ. ಎರಡೂವರೆ ತಾಸು. ಒಂದು ಸಲ ಮಾತ್ರ ನನ್ನ ಕಡೆ ನೋಡಿದಳು.

ಶ್ಯಾಕಿನ ಗಲ್ಲಾದ ಮೇಲೊಂದು ಕ್ಯಾಮೆರಾ ಇತ್ತು. ಅದನ್ನು ಮೊದಲೇ ನೋಡಬಹುದಿತ್ತು. ಸಂಜೆ ನೋಡಿದರು. ನಾನು ಇಬ್ಬರಿಗೆ ಗಲ್ಲ ಮೇಲೆತ್ತಲು ಹೇಳುತ್ತಿದ್ದಾಗ, ಬಿಳೀ ಟೋಪಿಯ ಮೂರನೆಯವನೊಬ್ಬ ಮಂಚದ ಹಿಂದಿನಿಂದ ಬಂದು, ತನ್ನದೇ ಚೀಲವೆಂಬಂತೆ ಹೆಗಲಿಗೇರಿಸಿ, ಅವಸರವಿಲ್ಲದೆ ನಡೆದು ಹೋಗಿದ್ದ. ನಾಲ್ಕು ಸೆಕೆಂಡಿನ ಕೆಲಸ. ಹುಡುಗರ ಫೋನಿನಲ್ಲಿ ನಾನು ತೆಗೆದ ಏಳು ಫೋಟೋ ಅವರ ಹತ್ತಿರವೇ ಉಳಿಯಿತು.

ಅವಳನ್ನು ಬಿಟ್ಟರು. ಸಾಮಾನು ಗಂಟು ಕಟ್ಟುವಾಗ ನಾನು ಹತ್ತಿರ ಹೋಗಿ ಇನ್ನೂರು ರೂಪಾಯಿ ಹಿಡಿದೆ. ಮಾತು ಹೊರಡಲಿಲ್ಲ. ಅವಳು ನೋಟು ಮುಟ್ಟಲಿಲ್ಲ. “ನಾ ಹೇಳಿದ್ದಿಲ್ಲೇನೋ ತಮ್ಮಾ, ಕಾಲಿಗೆ ಸುತಗೋ ಅಂತ?” ಅಂದಳು. ಆಮೇಲೆ ಗೆಜ್ಜೆ ಎಣಿಸಿದಳು. ಎರಡು ಜೊತೆ ಕಡಿಮೆ ಬಂದವು. ಇನ್ನೊಮ್ಮೆ ಎಣಿಸಿ, ಸುಮ್ಮನೆ ಗಂಟು ತಲೆಗಿಟ್ಟುಕೊಂಡು ಹೋದಳು.

ಕ್ಯಾಮೆರಾ ಸಿಗಲಿಲ್ಲ. ಗೆಳೆಯ ಆ ಸೀಜನ್ನು ಬಾಡಿಗೆ ಕ್ಯಾಮೆರಾದಲ್ಲಿ ದುಡಿದ. ತಿಂಗಳಿಗೆ ಎರಡು, ಎರಡೂವರೆ ಸಾವಿರದಂತೆ ನಾನು ತೀರಿಸಿದ್ದು 2020ರ ಜನವರಿಗೆ. ಈಗ ಮಾತಾಡುತ್ತಾನೆ, ಆದರೆ ವಸ್ತು ಕೊಡುವುದಿಲ್ಲ.

ಆಮೇಲೂ ನಾನು ಪಣಜಿಗೆ ಹೋಗುತ್ತಲೇ ಇದ್ದೇನೆ. ಹೊಟ್ಟೆಪಾಡು. ಉತ್ಸವದ ಕಾರ್ಡು ಥಿಯೇಟರಿನ ಬಾಗಿಲಲ್ಲಿ ಮಾತ್ರ ಕೊರಳಿಗೆ ಬರುತ್ತದೆ, ಹೊರಗೆ ಬಂದರೆ ಜೇಬಿಗೆ. ದುಡ್ಡು ಎರಡು ಕಡೆ. ಈಜಬೇಕೆನಿಸಿದರೆ ಬ್ಯಾಗು ರೂಮಿನಲ್ಲಿ. ಯಾರಾದರೂ ಫೋಟೋ ತೆಗೀರಿ ಅಂದರೆ ತೆಗೆಯುತ್ತೇನೆ, ಬ್ಯಾಗು ಎದೆಗೆ ಕಟ್ಟಿಕೊಂಡು. ಕೂತಲ್ಲಿ ಪಟ್ಟಿ ಕಾಲಿಗೆ ಸುತ್ತಿರುತ್ತದೆ. ಪ್ರತಿ ಸಲ ಆ ಬೀಚಿಗೂ ಹೋಗಿ ಬರುತ್ತೇನೆ. ಕನ್ನಡ ಕೇಳಿಸಿದ ಕಡೆಯೆಲ್ಲ ತಿರುಗಿ ನೋಡುತ್ತೇನೆ. ಕೆಂಪು ಲಂಗ, ಎಡಗೈ ಹಚ್ಚೆ ಅಂದರೆ ಅಲ್ಲಿ ನೂರು ಜನ. ಹೆಸರು ಕೇಳಿಟ್ಟುಕೊಂಡಿರಲಿಲ್ಲವಲ್ಲ.

ದೂರಿನ ಪ್ರತಿ ಮಾತ್ರ ನನ್ನ ಹತ್ತಿರ ಇನ್ನೂ ಇದೆ. ಇನ್ಶೂರೆನ್ಸಿಗೆ ಬೇಕಾಗಬಹುದು ಅಂತ ಗೆಳೆಯ ಕೇಳಿದ್ದ, ಕ್ಯಾಮೆರಾಕ್ಕೆ ಇನ್ಶೂರೆನ್ಸೇ ಇರಲಿಲ್ಲ, ಹಾಗಾಗಿ ಉಳಿಯಿತು. ಅನುಮಾನಿತರ ಹೆಸರು ಅನ್ನುವ ಸಾಲಿನ ಮುಂದೆ ನನ್ನ ಅಕ್ಷರ. ಆ ಸಾಲನ್ನು ಹೊಡೆದುಹಾಕಿ ಅಂತ ಆವತ್ತು ಸಂಜೆ ನಾನು ಕೇಳಲಿಲ್ಲ. ಕಡೇ ಬಸ್ಸಿಗೆ ಹೊತ್ತಾಗಿತ್ತು.