ಅಡ್ಡಿಯಿಲ್ಲದ ಮದುವೆಗೆ ಪ್ರಕಾಶಕರಿಲ್ಲ

ಪ್ರಣಯ ಕಾದಂಬರಿ ಬರೆಯುವುದು ಸುಲಭ ಎನ್ನುವವರಲ್ಲಿ ಹೆಚ್ಚಿನವರು ಅಂಥದೊಂದನ್ನು ಕೊನೆಯ ಪುಟದವರೆಗೆ ಓದಿದವರಲ್ಲ. ಮನಸ್ಸು ಮಾಡಿದರೆ ಎರಡು ಭಾನುವಾರದಲ್ಲಿ ಒಂದು ಬರೆದು ಬಿಸಾಕಬಹುದು, ನಾಲ್ಕು ಕಾಸೂ ಆಗುತ್ತದೆ ಎಂಬ ಮಾತು ಬೆಳಗಿನ ಕಾಫಿಯ ಹೊತ್ತಿಗೇ ಯಾರಾದರೊಬ್ಬ ಗಂಭೀರ ಸಾಹಿತ್ಯಾಸಕ್ತರ ಬಾಯಿಂದ ಬಂದು ದಿನವನ್ನೇ ಕೆಡಿಸುತ್ತದೆ. ಬಿಸಾಕುವುದೇನೋ ನಿಜ, ಎತ್ತಿಕೊಳ್ಳುವ ಪ್ರಕಾಶಕರು ಸಿಗುವುದಿಲ್ಲ. ಬರೆಯುತ್ತಿರುವುದನ್ನು ತಾವೇ ಕೀಳೆಂದು ತಿಳಿದವರ ಹಸ್ತಪ್ರತಿ ಸಂಪಾದಕರಿಗೆ ಹತ್ತು ಪುಟದೊಳಗೆ ಗೊತ್ತಾಗಿಬಿಡುತ್ತದೆ: ನಾಯಕಿ ಪೆದ್ದಿ, ನಾಯಕ ಮರದ ಬೊಂಬೆ, ಮಳೆ ಬಂದಾಗಲೆಲ್ಲ ಅಪ್ಪುಗೆ. ಈ ಪುಸ್ತಕಗಳ ಖಾಯಂ ಓದುಗರು ರಾಶಿಗಟ್ಟಲೆ ಓದುವವರು. ಅವರನ್ನು ಏಮಾರಿಸುವುದು ವಿಮರ್ಶಕರನ್ನು ಏಮಾರಿಸಿದಷ್ಟು ಸಲೀಸಲ್ಲ. ಆದ್ದರಿಂದ ಕಲಿಕೆಯ ಮೊದಲ ಪಾಠ ಓದುವುದು, ಅದೂ ಇಷ್ಟಪಟ್ಟು ಓದುವುದು. ಇದು ಎಲ್ಲರಿಗೂ ಗೊತ್ತಿರುವ ಮಾತಾದ್ದರಿಂದ ಮುಂದಕ್ಕೆ ಹೋಗಬಹುದು.

ಎರಡನೆಯದು ಲಕ್ಷಣ. 1980ರಲ್ಲಿ ಹುಟ್ಟಿದ ಅಮೆರಿಕದ ಪ್ರಣಯ ಲೇಖಕರ ಸಂಘ ಎರಡೇ ಷರತ್ತು ಹಾಕಿತ್ತು: ಕಥೆಯ ನಡುಮಧ್ಯೆ ಪ್ರೇಮವೇ ಇರಬೇಕು, ಕೊನೆ ಓದುಗರಿಗೆ ತೃಪ್ತಿಯನ್ನೂ ಭರವಸೆಯನ್ನೂ ಕೊಡಬೇಕು. ಈ ಅಳತೆಗೋಲಿನಲ್ಲಿ ‘ಅನ್ನಾ ಕರೆನಿನಾ’ ಪ್ರಣಯ ಕಾದಂಬರಿಯಲ್ಲ. ತ್ರಿವೇಣಿಯವರ ‘ಬೆಳ್ಳಿಮೋಡ’ವೂ ಅಲ್ಲ. ತೋಟಕ್ಕೆ ಒಬ್ಬಳೇ ವಾರಸುದಾರಳೆಂದು ಇಂದಿರೆಯನ್ನು ಒಪ್ಪಿದ್ದ ಮೋಹನ, ಅವಳಿಗೊಬ್ಬ ತಮ್ಮ ಹುಟ್ಟಿದ ಕೂಡಲೇ ಹಿಂದೆ ಸರಿಯುತ್ತಾನೆ. ಆಮೇಲೆ ಬಿದ್ದು ಕಾಲು ಮುರಿದುಕೊಂಡಾಗ ಅವಳೇ ಆರೈಕೆ ಮಾಡುತ್ತಾಳೆ. ಅವನ ಮನಸ್ಸು ತಿರುಗುತ್ತದೆ, ಮದುವೆಯಾಗೋಣ ಎನ್ನುತ್ತಾನೆ. ಅವಳು ಒಲ್ಲೆ ಎನ್ನುತ್ತಾಳೆ. ಇಲ್ಲಿಯವರೆಗೆ ಪ್ರಣಯ ಪ್ರಕಾಶನದ ಯಾವ ಸಂಪಾದಕಿಯಾದರೂ ತಲೆದೂಗುತ್ತ ಓದಿ, ಕಡೆಯ ಅಧ್ಯಾಯವನ್ನು ತಿದ್ದಿ ಕಳಿಸಿ ಎಂದು ಬರೆದಾಳು. ತಿದ್ದದೇ ಇದ್ದದ್ದರಿಂದ ಅದು ‘ಬೆಳ್ಳಿಮೋಡ’ವಾಗಿ ಉಳಿಯಿತು, 1967ರಲ್ಲಿ ಪುಟ್ಟಣ್ಣ ಕಣಗಾಲರ ಚಿತ್ರವೂ ಆಯಿತು. ಎರಡೂ ಬಗೆಯ ಬರವಣಿಗೆಗೆ ಮರ್ಯಾದೆಯುಂಟು. ಒಂದನ್ನು ಬರೆದು ಇನ್ನೊಂದರ ಪ್ರಕಾಶಕರಿಗೆ ಕಳಿಸಬಾರದು, ಅಷ್ಟೆ.

ಈ ಉದ್ಯಮದ ದೊಡ್ಡ ಮನೆತನ ಲಂಡನ್ನಿನ ಮಿಲ್ಸ್ ಅಂಡ್ ಬೂನ್. 1908ರಲ್ಲಿ ಜೆರಾಲ್ಡ್ ಮಿಲ್ಸ್ ಮತ್ತು ಚಾರ್ಲ್ಸ್ ಬೂನ್ ಇದನ್ನು ಆರಂಭಿಸಿದಾಗ ಎಲ್ಲ ತರದ ಪುಸ್ತಕಗಳೂ ಬರುತ್ತಿದ್ದವು. ಜಾಕ್ ಲಂಡನ್ ಮತ್ತು ವುಡ್‌ಹೌಸ್ ಕೂಡ ಆ ಪಟ್ಟಿಯಲ್ಲಿದ್ದರು. ಸಂಸ್ಥೆ ಪ್ರೇಮಕಥೆಗೆ ಗಟ್ಟಿಯಾಗಿ ಅಂಟಿಕೊಂಡದ್ದು 1930ರ ದಶಕದಲ್ಲಿ, ದಿನಬಾಡಿಗೆಯ ಗ್ರಂಥಾಲಯಗಳ ಗಿರಾಕಿಗಳನ್ನು ನೆಚ್ಚಿಕೊಂಡು. ಕೆನಡಾದ ವಿನಿಪೆಗ್‌ನಲ್ಲಿ 1949ರಲ್ಲಿ ಶುರುವಾದ ಹಾರ್ಲೆಕ್ವಿನ್ 1957ರಿಂದ ಮಿಲ್ಸ್ ಅಂಡ್ ಬೂನ್‌ನ ಡಾಕ್ಟರ್‌-ನರ್ಸ್ ಕಥೆಗಳನ್ನು ಮರುಮುದ್ರಿಸುತ್ತಿತ್ತು. 1971ರಲ್ಲಿ ಮೂಲ ಸಂಸ್ಥೆಯನ್ನೇ ಕೊಂಡುಕೊಂಡಿತು. ಕನ್ನಡದ ಜನಪ್ರಿಯ ಕಾದಂಬರಿಯ ದಾರಿಯೂ ತೀರ ಬೇರೆಯೇನಲ್ಲ. ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು ಪುಸ್ತಕವಾಗಿ, ಬೀದಿಬದಿಯ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ರಟ್ಟು ಹರಿಯುವವರೆಗೆ ಕೈ ಬದಲಾಯಿಸುತ್ತಿತ್ತು. ಉಷಾ ನವರತ್ನರಾಂ, ಎಚ್. ಜಿ. ರಾಧಾದೇವಿ, ಸಾಯಿಸುತೆ ಇವರ ಹೆಸರು ಆ ಲೈಬ್ರರಿಗಳ ರಿಜಿಸ್ಟರಿನಲ್ಲಿ ಕಾಣಿಸಿದಷ್ಟು ಸಾಹಿತ್ಯ ಚರಿತ್ರೆಗಳಲ್ಲಿ ಕಾಣಿಸುವುದಿಲ್ಲ. ಇದು ಚರಿತ್ರೆಗಳ ದೋಷ.

ಇನ್ನು ಕಸುಬಿನ ತಿರುಳಿಗೆ ಬಂದರೆ ಅದು ಪ್ರೇಮವಲ್ಲ, ಅಡ್ಡಿ. ಇಬ್ಬರು ಕೊನೆಗೆ ಒಂದಾಗುತ್ತಾರೆ ಎಂಬುದು ಮುಖಪುಟ ನೋಡಿದವರಿಗೆಲ್ಲ ಗೊತ್ತು. ಹತ್ತನೆಯ ಪುಟದಲ್ಲೇ ಏಕೆ ಒಂದಾಗಲಿಲ್ಲ ಎಂಬ ಪ್ರಶ್ನೆಗೆ ನೂರೆಂಬತ್ತು ಪುಟ ನಿಲ್ಲುವ ಉತ್ತರ ಬೇಕು. ಹೊಸಬರ ಹಸ್ತಪ್ರತಿಗಳು ಮುಗ್ಗರಿಸುವುದು ಇಲ್ಲಿ. ನಾಯಕಿ ನಾಯಕನನ್ನು ಯಾವಳೋ ಒಬ್ಬಳ ಜೊತೆ ಹೋಟೆಲಿನಲ್ಲಿ ನೋಡುತ್ತಾಳೆ, ಮುನಿಸಿಕೊಂಡು ಊರು ಬಿಡುತ್ತಾಳೆ, ಆಮೇಲೆ ನೋಡಿದರೆ ಆ ಇನ್ನೊಬ್ಬಳು ಅವನ ತಂಗಿ. ಒಂದು ಫೋನ್ ಮಾಡಿದ್ದರೆ ಬಗೆಹರಿಯುತ್ತಿದ್ದ ತೊಡಕನ್ನು ಓದುಗರು ಕ್ಷಮಿಸುವುದಿಲ್ಲ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ಕಾಲದಲ್ಲಿ ದೊಡ್ಡ ತಾಪತ್ರಯವೇ ಅಡ್ಡಿಯ ಬರ. ಇಬ್ಬರೂ ಸ್ವತಂತ್ರರು, ಸಂಪಾದಿಸುವವರು, ಕೇಳುವವರಿಲ್ಲ. ಹಾಗಾಗಿ ತಾತನ ಉಯಿಲಿನಲ್ಲಿ ವರ್ಷದೊಳಗೆ ಮದುವೆಯಾಗಬೇಕೆಂಬ ಷರತ್ತು, ಹೆಸರಿಗಷ್ಟೇ ಆಗುವ ಮದುವೆ, ಅಪಘಾತದಲ್ಲಿ ಹೋದ ನೆನಪು, ಬಚ್ಚಿಟ್ಟ ಮಗು, ಇಂಥವನ್ನೆಲ್ಲ ಹುಡುಕಿ ತರಬೇಕಾಗುತ್ತದೆ.

ಕರ್ನಾಟಕದಲ್ಲಿ ಅಡ್ಡಿಗೆ ಬರವಿಲ್ಲ. ಹುಡುಗ ಹುಡುಗಿ ಒಪ್ಪಿದ್ದಾರೆ, ಎರಡೂ ಮನೆಯವರಿಗೂ ಸಂತೋಷ, ಎಲೆ ಹಾಕಿ ಊಟಕ್ಕೆ ಕೂರಿಸಿದ್ದಾರೆ ಎಂದಿಟ್ಟುಕೊಳ್ಳೋಣ. ಒಳಗಿನಿಂದ ಅಜ್ಜಿ ನಿಧಾನವಾಗಿ ಬಂದು ಕಂಬಕ್ಕೊರಗಿ ಕೂತು ‘ನಿಮ್ಮದು ಯಾವ ಗೋತ್ರವಪ್ಪಾ?’ ಎಂದು ಕೇಳಿದರೆ ಸಾಕು, ಪಾಯಸದ ಸೌಟು ಗಾಳಿಯಲ್ಲೇ ನಿಲ್ಲುತ್ತದೆ. ಗೋತ್ರ ಬೇರೆಯಾದರೆ ಕುಜದೋಷ. ಅದಕ್ಕೂ ಶಾಂತಿ ಮಾಡಿಸಿದರೆ ಒಳಪಂಗಡ. ಪಂಗಡವೂ ಸರಿಹೋದರೆ ಮನೆಯಲ್ಲಿ ಮದುವೆಯಾಗದ ಅಕ್ಕ ಇದ್ದಾಳೆ, ಸೋದರಮಾವನಿಗೆ ಎಂದೋ ಮಾತು ಕೊಟ್ಟದ್ದಿದೆ, ತೋಟದ ಪಾಲಿನ ವ್ಯಾಜ್ಯ ಕೋರ್ಟಿನಲ್ಲಿದೆ. ಇಷ್ಟನ್ನೂ ದಾಟಿಕೊಂಡು ಬರುವಷ್ಟರಲ್ಲಿ ಆಷಾಢ. ಆಷಾಢ ಕಳೆದರೆ ಛತ್ರ ಖಾಲಿಯಿಲ್ಲ. ಬೇರೆ ದೇಶದ ಲೇಖಕಿ ವರ್ಷವಿಡೀ ತಲೆ ಕೆರೆದುಕೊಂಡರೂ ಹೊಳೆಯದಷ್ಟು ಸಾಮಗ್ರಿ ಇಲ್ಲಿ ಒಂದು ಲಗ್ನಪತ್ರಿಕೆಯ ಹಿಂದೆ ಬಿದ್ದಿರುತ್ತದೆ.

ಆದರೆ ಸಮೃದ್ಧಿಗೂ ಒಂದು ಅಪಾಯವಿದೆ. ಹೊರಗಿನ ಅಡ್ಡಿ ಹೆಚ್ಚಾದಷ್ಟೂ ಜಗಳವೆಲ್ಲ ಹಿರಿಯರದಾಗಿ, ಪ್ರೇಮಿಗಳು ಮೂಲೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಕೂರುತ್ತಾರೆ. ನಿಜವಾದ ಅಡ್ಡಿ ಆ ಇಬ್ಬರ ಒಳಗೆ ಇರಬೇಕು. ಜೇನ್ ಆಸ್ಟಿನ್ನಳ ‘ಪ್ರೈಡ್ ಅಂಡ್ ಪ್ರಿಜುಡೀಸ್’ನಲ್ಲಿ ಒಟ್ಟು 61 ಅಧ್ಯಾಯ. ಆಗರ್ಭ ಶ್ರೀಮಂತ ಡಾರ್ಸಿ 34ನೆಯ ಅಧ್ಯಾಯದಲ್ಲೇ ಮದುವೆಯ ಮಾತೆತ್ತುತ್ತಾನೆ. ತಡೆಯುವವರು ಆ ಕೋಣೆಯಲ್ಲಿ ಯಾರೂ ಇಲ್ಲ. ನಾಯಕಿ ಎಲಿಜಬೆತ್ ತಾನಾಗಿಯೇ ಬೇಡ ಎನ್ನುತ್ತಾಳೆ. ಉಳಿದ ಅರ್ಧ ಪುಸ್ತಕ ಇಬ್ಬರೂ ತಮ್ಮನ್ನು ತಾವು ತಿದ್ದಿಕೊಳ್ಳುವ ಕಥೆ. ಮದುವೆಯ ಪ್ರಸ್ತಾಪವನ್ನೇ ಅಡ್ಡಿಯನ್ನಾಗಿ ಮಾಡಿದ ಈ ಜಾಗವನ್ನು ಕಲಿಯುವವರು ಬಾಯಿಪಾಠ ಮಾಡಿದರೂ ತಪ್ಪಿಲ್ಲ.

ಕಾಳಿದಾಸ ಮಾಡಿದ್ದು ಇದರ ತದ್ವಿರುದ್ಧ. ಮಹಾಭಾರತದ ದುಷ್ಯಂತ ಶಕುಂತಲೆಯ ಗುರುತಿದ್ದೂ ತುಂಬಿದ ಸಭೆಯಲ್ಲಿ ಇಲ್ಲವೆನ್ನುತ್ತಾನೆ, ಆಮೇಲೆ ಅಶರೀರವಾಣಿ ಹೇಳಿದಾಗ ಒಪ್ಪುತ್ತಾನೆ. ಇಂಥ ನಾಯಕನನ್ನು ಇಟ್ಟುಕೊಂಡು ಪ್ರಣಯ ನಾಟಕ ನಡೆಯದೆಂದು ಕವಿಗೆ ಗೊತ್ತಿತ್ತು. ದುರ್ವಾಸರ ಶಾಪವನ್ನೂ ಉಂಗುರವನ್ನೂ ಅವನೇ ತಂದಿಟ್ಟ. ತಪ್ಪು ರಾಜನ ಹೆಗಲಿಂದ ಇಳಿದು ಋಷಿಯ ಕೋಪಕ್ಕೆ ಹೋಯಿತು. ಈಗಿನ ಸಂಪಾದಕರು ನಾಯಕನ ಮೇಲೆ ಓದುಗರಿಗೆ ಬೇಸರ ಬಾರದಂತೆ ನೋಡಿಕೊಳ್ಳಿ ಎಂದು ಹಸ್ತಪ್ರತಿಯ ಅಂಚಿನಲ್ಲಿ ಬರೆಯುವುದೂ ಇದನ್ನೇ. ಆದರೂ ಒಂದು ಮಾತು ಹೇಳಲೇಬೇಕು: ಶಾಪವೆಂದರೂ ಅಪಘಾತವೆಂದರೂ ಮರೆವು ಮರೆವೇ. ಅಷ್ಟು ದೊಡ್ಡ ಉಪಾಯವನ್ನು ದಕ್ಕಿಸಿಕೊಳ್ಳಲು ಐದನೆಯ ಅಂಕವನ್ನು ಬರೆಯುವ ಕೈ ಬೇಕು. ಅದಿಲ್ಲದವರು ನಾಯಕನ ನೆನಪನ್ನು ಅವನ ಪಾಡಿಗೆ ಬಿಡುವುದು ಕ್ಷೇಮ.

ಉದ್ದ, ಮಾಲಿಕೆ ಇತ್ಯಾದಿ ಬೇಗ ಮುಗಿಯುವ ವಿಷಯ. ಹಾರ್ಲೆಕ್ವಿನ್ ತರದ ಸಂಸ್ಥೆಗಳಲ್ಲಿ ಆಸ್ಪತ್ರೆಯ ಕಥೆ, ಐತಿಹಾಸಿಕ ಕಥೆ, ಸಿರಿವಂತ ನಾಯಕರ ಕಥೆ ಎಂದು ಬೇರೆಬೇರೆ ಸಾಲುಗಳಿವೆ. ಸಮಕಾಲೀನ ಕಥೆಗೆ ಸುಮಾರು 50,000 ಪದ, ಐತಿಹಾಸಿಕಕ್ಕೆ ಇನ್ನಷ್ಟು. ಕನ್ನಡದ ಧಾರಾವಾಹಿಗೆ ಪದದ ಲೆಕ್ಕಕ್ಕಿಂತ ಕಂತಿನ ಲೆಕ್ಕ ಮುಖ್ಯ: ಪ್ರತಿ ವಾರದ ಕೊನೆಯಲ್ಲಿ ಯಾರಾದರೂ ಬಾಗಿಲು ತಟ್ಟಬೇಕು.

ಕಳಿಸುವ ಕ್ರಮದಲ್ಲಿ ನಿಂತು ನೋಡಬೇಕಾದದ್ದು ಸಾರಾಂಶ. ಸಾಮಾನ್ಯವಾಗಿ ಪ್ರಕಾಶಕರು ಮೊದಲ ಮೂರು ಅಧ್ಯಾಯ, ಒಂದೆರಡು ಪುಟದ ಸಾರಾಂಶ ಮತ್ತು ಚಿಕ್ಕ ಪತ್ರ ಕೇಳುತ್ತಾರೆ. ಮುಂದೇನಾಯಿತೆಂದು ತಿಳಿಯಲು ಪೂರ್ತಿ ಹಸ್ತಪ್ರತಿ ತರಿಸಿಕೊಳ್ಳಿ ಎಂದು ಸಾರಾಂಶವನ್ನು ಅರ್ಧಕ್ಕೆ ನಿಲ್ಲಿಸುವವರಿದ್ದಾರೆ. ಸಂಪಾದಕರಿಗೆ ಕುತೂಹಲ ಬೇಕಿಲ್ಲ, ಅಡ್ಡಿ ಎಲ್ಲಿ ಹುಟ್ಟಿ ಹೇಗೆ ಕರಗಿತು ಎಂಬ ಲೆಕ್ಕ ಬೇಕು. ಐವತ್ತು ಸಾವಿರ ಪದ ಸಲೀಸಾಗಿ ಬರೆದವರು ಈ ಎರಡು ಪುಟಕ್ಕೆ ಬೆವರುವುದುಂಟು, ಏಕೆಂದರೆ ಅಡ್ಡಿಯಿಲ್ಲದ ಕಥೆಯ ಬಣ್ಣ ಬಯಲಾಗುವುದು ಅಲ್ಲಿಯೇ. ಪತ್ರದಲ್ಲಿ ಮನೆಯವರಿಗೆಲ್ಲ ಕಥೆ ತುಂಬ ಹಿಡಿಸಿತು ಎಂದು ಬರೆಯಬಾರದು. ಮನೆಯವರು ಇನ್ನೇನು ಹೇಳಿಯಾರು? ಬ್ರಿಟನ್ನಿನಲ್ಲಿ 1960ರಲ್ಲಿ ಸ್ಥಾಪನೆಯಾದ ಪ್ರಣಯ ಕಾದಂಬರಿಕಾರರ ಸಂಘ ಎರಡೇ ವರ್ಷದಲ್ಲಿ ಹೊಸ ಬರಹಗಾರರ ಯೋಜನೆ ಆರಂಭಿಸಿದ್ದು ಹೊರಗಿನವರ ಅಭಿಪ್ರಾಯದ ಈ ಕೊರತೆ ತುಂಬಲು. ಅಚ್ಚಾಗದ ಹಸ್ತಪ್ರತಿಯನ್ನು ಅನುಭವಿ ಲೇಖಕರೊಬ್ಬರು ಓದಿ ನಿರ್ದಾಕ್ಷಿಣ್ಯವಾಗಿ ಅಭಿಪ್ರಾಯ ಬರೆದುಕೊಡುತ್ತಿದ್ದರು.

ಅಸ್ವೀಕಾರ ಬಂದಾಗ ಸಮಾಧಾನಕ್ಕೆ ಉದಾಹರಣೆಗಳು ಧಾರಾಳವಾಗಿವೆ. 1797ರ ನವೆಂಬರಿನಲ್ಲಿ ಆಸ್ಟಿನ್ನಳ ತಂದೆ, ಹಳ್ಳಿಯ ಪಾದ್ರಿ, ಲಂಡನ್ನಿನ ಥಾಮಸ್ ಕ್ಯಾಡೆಲ್ ಎಂಬ ಪ್ರಕಾಶಕರಿಗೆ ಮೂರು ಸಂಪುಟದ ಕಾದಂಬರಿಯೊಂದಿದೆ, ನೋಡುತ್ತೀರಾ ಎಂದು ಕೇಳಿ ಬರೆದರು. ಹಸ್ತಪ್ರತಿ ನೋಡುವ ಗೋಜಿಗೇ ಹೋಗದೆ ಮರುಟಪಾಲಿಗೆ ಬೇಡವೆಂದು ಉತ್ತರ ಬಂತು. ಅದೇ ಕಥೆ ತಿದ್ದುಪಡಿಯಾಗಿ 1813ರಲ್ಲಿ ‘ಪ್ರೈಡ್ ಅಂಡ್ ಪ್ರಿಜುಡೀಸ್’ ಎಂದು ಬೇರೆಯವರಿಂದ ಪ್ರಕಟವಾಯಿತೆಂದು ವಿದ್ವಾಂಸರ ಎಣಿಕೆ. ಇನ್ನೊಂದು ಕಾದಂಬರಿಯನ್ನು 1803ರಲ್ಲಿ 10 ಪೌಂಡಿಗೆ ಕೊಂಡ ಪ್ರಕಾಶಕರು ಅಚ್ಚೇ ಹಾಕಿಸಲಿಲ್ಲ. ಹಲವು ವರ್ಷದ ಮೇಲೆ ಅದೇ ಬೆಲೆ ಕೊಟ್ಟು ಬಿಡಿಸಿಕೊಳ್ಳಬೇಕಾಯಿತು. ಅದು ‘ನಾರ್ಥ್ಯಾಂಗರ್ ಅಬೆ’. ಅಮೆರಿಕದ ನೋರಾ ರಾಬರ್ಟ್ಸ್ 1979ರ ಹಿಮಪಾತದಲ್ಲಿ ಇಬ್ಬರು ಪುಟ್ಟ ಮಕ್ಕಳೊಂದಿಗೆ ಮನೆಯಲ್ಲಿ ಸಿಕ್ಕಿಬಿದ್ದಾಗ ಬರೆಯಲು ಹಿಡಿದವರು. ಹಾರ್ಲೆಕ್ವಿನ್‌ನಿಂದ ಬಂದ ಒಂದು ಉತ್ತರದಲ್ಲಿ, ತಮ್ಮ ಬಳಿ ಆಗಲೇ ಒಬ್ಬ ಅಮೆರಿಕನ್ ಲೇಖಕಿ ಇದ್ದಾರೆ ಎಂಬ ಕಾರಣವಿತ್ತಂತೆ. 1980ರಲ್ಲಿ ಹೊಸದಾಗಿ ಹುಟ್ಟಿದ ಸಿಲೂಎಟ್ ಸಂಸ್ಥೆ ಅವರನ್ನು ಎತ್ತಿಕೊಂಡಿತು. ಆಮೇಲೆ ಅವರು ಬರೆದದ್ದು 200ಕ್ಕೂ ಮಿಕ್ಕಿ.

ಕಡೆಯದಾಗಿ ಕರಾರು ಮತ್ತು ಹಣ. ಹಕ್ಕನ್ನು ಪೂರ್ತಿ ಮಾರಿಬಿಡುವುದು ಹೊಸಬರ ಆತುರದ ತಪ್ಪು. ಒಂದು ಕಾಲದಲ್ಲಿ ಹಾರ್ಲೆಕ್ವಿನ್ ಲೇಖಕಿಯರ ಕಾವ್ಯನಾಮದ ಮೇಲೂ ತನ್ನ ಹಕ್ಕು ಇಟ್ಟುಕೊಳ್ಳುತ್ತಿತ್ತು, ಅಂದರೆ ಬೇರೆ ಪ್ರಕಾಶಕರ ಕಡೆ ಹೋಗುವವರು ಹೆಸರನ್ನು ಬಿಟ್ಟು ಹೋಗಬೇಕು. ಹಣ ಬಂದರೆ ಏನು ಮಾಡಬೇಕೆಂಬುದು ಕಸುಬಿನ ಪಾಠದೊಳಗೆ ಬರುವುದಿಲ್ಲ. ಆದರೂ ಮೇರಿ ಬರ್ಚೆಲ್ ಎಂಬ ಹೆಸರಿನಲ್ಲಿ 1936ರಿಂದ ಮಿಲ್ಸ್ ಅಂಡ್ ಬೂನ್‌ಗೆ ಬರೆದ ಇಡಾ ಕುಕ್ ಮಾಡಿದ್ದನ್ನು ಹೇಳದೆ ಮುಗಿಸುವುದು ಸರಿಯಲ್ಲ. ಸರ್ಕಾರಿ ಕಚೇರಿಯ ಟೈಪಿಸ್ಟ್ ಆಗಿದ್ದ ಆಕೆಗೂ ಅಕ್ಕ ಲೂಯಿಸ್‌ಗೂ ಆಪೆರಾ ಹುಚ್ಚು. ಆ ನೆಪದಲ್ಲೇ ಇಬ್ಬರೂ ಶನಿವಾರ ಹಿಟ್ಲರನ ಜರ್ಮನಿಗೆ ಹೋಗಿ, ಸೋಮವಾರ ಬೆಳಿಗ್ಗೆ ಕೆಲಸದ ಹೊತ್ತಿಗೆ ವಾಪಸಾಗುತ್ತಿದ್ದರು. ಬರುವಾಗ ಯಹೂದಿ ಕುಟುಂಬಗಳ ಒಡವೆಗಳು ಅವರ ಮೈಮೇಲಿರುತ್ತಿದ್ದವು. ಅಗ್ಗದ ಸ್ವೆಟರಿಗೆ ಚುಚ್ಚಿದ ವಜ್ರದ ಬ್ರೋಚನ್ನು ಗಡಿಯ ಅಧಿಕಾರಿಗಳು ಗಾಜೆಂದೇ ತಿಳಿಯಲಿ ಎಂಬ ಲೆಕ್ಕ. ಬ್ರಿಟನ್ನಿಗೆ ಬರುವವರ ಖರ್ಚಿಗೆ ಜಾಮೀನು ಬೇಕಿತ್ತು, ಅದಕ್ಕೆ ಪ್ರಣಯ ಕಾದಂಬರಿಗಳ ಸಂಭಾವನೆ ಹೋಯಿತು. ಹಾಗೆ ಪಾರಾದವರು 29 ಮಂದಿ. ಇಡಾ ಕುಕ್ ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. 1966ರಿಂದ 1986ರಲ್ಲಿ ತೀರಿಕೊಳ್ಳುವವರೆಗೆ ಬ್ರಿಟನ್ನಿನ ಆ ಪ್ರಣಯ ಕಾದಂಬರಿಕಾರರ ಸಂಘಕ್ಕೆ ಅವರೇ ಅಧ್ಯಕ್ಷರಾಗಿದ್ದರು.