ನಂಬಿಕೆಯ ಕೋವಿ ಯಾವುದು?

ಪುಣೆಯಲ್ಲಿ ನಾನು ಕೊಡಗಿನವನು ಎಂದ ಕೂಡಲೇ ಜನ ಎರಡು ವಿಷಯ ಕೇಳುತ್ತಾರೆ. ಒಂದು ಕಾಫಿ. ಇನ್ನೊಂದು, ‘ನಿಮ್ಮಲ್ಲಿ ಮನೆಮನೆಯಲ್ಲೂ ಗನ್ ಇರುತ್ತದಂತೆ, ಲೈಸೆನ್ಸೇ ಬೇಡವಂತೆ, ಹೌದಾ?’ ಕಾಫಿಯ ಪ್ರಶ್ನೆಗೆ ಉತ್ತರ ಸುಲಭ. ಎರಡನೆಯದಕ್ಕೆ ಅರ್ಧ ಹೌದು, ಅರ್ಧ ಅಲ್ಲ ಎನ್ನಬೇಕು.

ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇರುವುದು ನಿಜ. 1861ರಲ್ಲಿ, ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದಾಗ ಶುರುವಾದದ್ದು ಇದು. 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದ ಮೇಲೂ ಉಳಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಹಾಗೆಂದು ಕಾಗದಪತ್ರವೇ ಬೇಡ ಎಂದಲ್ಲ. ವಿನಾಯಿತಿ ಪತ್ರ ಬೇಕು, ಕೋವಿಯ ವಿವರ ಅದರಲ್ಲಿ ನಮೂದಾಗಬೇಕು. ಮುಖ್ಯವಾಗಿ, ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳಲು, ಬೇಟೆಯಾಡಲು ಅಲ್ಲ.

ಇದನ್ನೆಲ್ಲ ಬರೆಯಲು ಕಾರಣ, ಎರಡು ವರ್ಷದ ಹಿಂದೆ ಅಪ್ಪ ಫೋನ್ ಮಾಡಿ, ‘ಹಳೇ ಕೋವಿ ಇನ್ನು ಆಗುವುದಿಲ್ಲ. ಒಂದು ಒಳ್ಳೆಯ ಹಕ್ಕಿ ಕೋವಿ ನೋಡು’ ಎಂದರು. ಹಳೇ ಕೋವಿ ಎಂದರೆ ಅಜ್ಜ ಗದ್ದೆಬಯಲಿನಲ್ಲಿ ಬಾತು ಹೊಡೆಯುತ್ತಿದ್ದ ಬೆಲ್ಜಿಯಂ ಜೋಡಿನಳಿಗೆ. ಮೈಸೂರಿನಲ್ಲಿ ಕೋವಿ ರಿಪೇರಿ ಮಾಡುವವರೊಬ್ಬರು ಅದನ್ನು ನೋಡಿ, ಪೂಜೆಗೆ ಇಟ್ಟುಕೊಳ್ಳಿ, ಈಡು ಹಾಕಬೇಡಿ ಎಂದಿದ್ದರು. ನಳಿಗೆಯೊಳಗೆ ತುಕ್ಕು ತಿಂದ ಗುಳಿಗಳು. ಮುಚ್ಚಿದ ಮೇಲೂ ನಳಿಗೆಗೂ ಹಿಂಭಾಗಕ್ಕೂ ನಡುವೆ ಅಲ್ಲಾಟ. ಮೈಮೇಲೆ ಹಾವಿನ ಪೊರೆಯಂಥ ಡಮಾಸ್ಕಸ್ ಗೆರೆಗಳು ಬೇರೆ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹುರಿಮಾಡಿ ಬೆಸೆದ ಅಂಥ ನಳಿಗೆಗಳು ಕರಿಮದ್ದಿನ ಕಾಲದವು. ಇಂದಿನ ಹೊಗೆಯಿಲ್ಲದ ಮದ್ದಿನ ಒತ್ತಡಕ್ಕೆ ಅವು ಮಾಡಿದ್ದಲ್ಲ.

‘ಹಕ್ಕಿ ಕೋವಿ ಯಾಕಪ್ಪಾ? ಬಾತು ಹೊಡೆದರೆ ಜೈಲು’ ಎಂದೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ದಿನಗಳಲ್ಲಿ ಸಣ್ಣ ಬೇಟೆಗೆ ಪರವಾನಗಿ ಕೊಡುವ ಪದ್ಧತಿ ಇತ್ತು. 1991ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. ಅಪ್ಪನಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ‘ಬಾತು ಹೊಡೆಯಲಿಕ್ಕೆ ಅಂತ ಯಾರು ಹೇಳಿದರು? ಬಾತಿಗೆ ಅಂತ ಮಾಡಿದ ಕೋವಿ ಹೆಗಲಿಗೆ ತಾನೇ ಬಂದು ಕೂರುತ್ತದೆ. ಅಂಥದ್ದು ನೋಡು’ ಎಂದು ಫೋನ್ ಇಟ್ಟರು.

ನಿಗಡಿಯಲ್ಲಿ ಕೂತು ಐಟಿಯವನು ಮಾಡುವುದನ್ನೇ ನಾನೂ ಮಾಡಿದೆ. ಎಕ್ಸೆಲ್ ತೆರೆದೆ. ನಮ್ಮ ಪ್ರಾಜೆಕ್ಟಿನಲ್ಲಿ ಅರ್ಕಾನ್ಸಾಸ್‌ನ ಸಹೋದ್ಯೋಗಿಯೊಬ್ಬರಿದ್ದಾರೆ. ಚಳಿಗಾಲ ಬಂತೆಂದರೆ ನಸುಕಿನಲ್ಲೇ ಜೌಗಿಗಿಳಿದು ಬಾತು ಕಾಯುವವರು. ಅವರನ್ನು ಕೇಳಿದೆ. ಅವರ ಮಟ್ಟಿಗೆ ನಂಬಿಕೆಯ ಕೋವಿ ಎಂದರೆ ಕೆಸರಿಗೆ ಬಿದ್ದರೂ, ಹಿಮ ಕೂತರೂ ನಿಲ್ಲದೆ ಹಾರುವುದು. ಅವರಲ್ಲಿ ಎರಡು ಪಂಗಡವಂತೆ. ಒಂದು ರೆಮಿಂಗ್ಟನ್ 870, ಮಾಸ್‌ಬರ್ಗ್ 500ರಂಥ ಪಂಪ್ ಕೋವಿಗಳದ್ದು. ಈಡಾದ ಮೇಲೆ ಮುಂಗೈ ಹಿಂದೆಮುಂದೆ ಎಳೆದರೆ ಹಳೇ ತೋಟಾ ಹೊರಗೆ, ಹೊಸದು ಒಳಗೆ. ಇನ್ನೊಂದು ಬೆನೆಲ್ಲಿಯಂಥ ತಾನೇ ತುಂಬಿಕೊಳ್ಳುವ ಕೋವಿಗಳದ್ದು. ಎಂಥ ಕೋವಿಯಾದರೂ ವಲಸೆ ಹಕ್ಕಿಯ ಬೇಟೆಗೆ ಒಮ್ಮೆಗೆ ಮೂರು ತೋಟಾ ಮೀರುವಂತಿಲ್ಲ ಎಂಬುದು ಅಲ್ಲಿಯ ಕಾನೂನು. 1991ರಿಂದ ದೇಶವಿಡೀ ಬಾತು ಬೇಟೆಗೆ ಸೀಸದ ಚರೆಯೂ ಇಲ್ಲ. ಕಾಳು ಅರೆಯಲು ಸಣ್ಣ ಕಲ್ಲು ನುಂಗುವ ಬಾತುಗಳು ಕೆರೆಯ ತಳದಲ್ಲಿ ಬಿದ್ದ ಚರೆಯನ್ನೂ ನುಂಗಿ ಸೀಸದ ವಿಷಕ್ಕೆ ಸಾಯುತ್ತಿದ್ದವು. ಈಗ ಉಕ್ಕಿನ ಚರೆ, ಇಲ್ಲವೇ ಬೇರೆ ವಿಷವಿಲ್ಲದ ಲೋಹದ್ದು. ಉಕ್ಕು ಗಟ್ಟಿ, ಹಳೆಯ ನಳಿಗೆಯನ್ನು ಕೆಡಿಸುತ್ತದೆ.

ನಾನು ಇಷ್ಟನ್ನೂ ಕಾಲಮ್ಮುಗಳಲ್ಲಿ ತುಂಬಿ, ಅಂಕ ಕೊಟ್ಟು, ಪಂಪ್ ಕೋವಿಯೇ ಮೇಲು ಎಂದು ಊರಿಗೆ ಹೋದಾಗ ಅಪ್ಪನ ಮುಂದೆ ಇಟ್ಟೆ. ಅವರು ಕನ್ನಡಕ ಹಾಕಿ ಪೂರ್ತಿ ಓದಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: ‘ಇದರಲ್ಲಿ ತೋಟಾ ಇದೆಯೋ ಇಲ್ಲವೋ ಅಂತ ನಿನ್ನ ಅವ್ವನಿಗೆ ಹೇಗೆ ಗೊತ್ತಾಗುತ್ತದೆ?’

ಆ ಪ್ರಶ್ನೆಗೆ ನನ್ನ ಪಟ್ಟಿಯಲ್ಲಿ ಕಾಲಮ್ಮೇ ಇರಲಿಲ್ಲ. ಜೋಡಿನಳಿಗೆಯನ್ನು ನಡುವಿಗೆ ಮಡಚಿ ತೋಳಿನ ಮೇಲೆ ಹಾಕಿಕೊಂಡರೆ ಎರಡು ತೂತಿನಾಚೆ ಬೆಳಕು ಕಾಣುತ್ತದೆ. ಹತ್ತು ಮಾರು ದೂರದಲ್ಲಿರುವವರಿಗೂ ಅದು ಹಾರುವ ಸ್ಥಿತಿಯಲ್ಲಿಲ್ಲ ಎಂದು ಗೊತ್ತು. ಪಂಪ್ ಕೋವಿಯಲ್ಲಿ ಹಿಡಿದವನು ಬಾಗಿ ನೋಡಬೇಕು, ಉಳಿದವರು ಅವನ ಮಾತು ನಂಬಬೇಕು. ಕೈಲ್ ಪೊಳ್ದಿನ ದಿನ ಅಂಗಳದ ತುಂಬ ಮಕ್ಕಳು, ನೆಂಟರು, ನಾಯಿಗಳು. ಅಲ್ಲಿ ನಂಬಿಕೆ ಎಂದರೆ ಕೋವಿ ಹಿಡಿದವನಿಗೆ ಮಾತ್ರ ಗೊತ್ತಿದ್ದರೆ ಸಾಲದು, ಎದುರಿಗಿರುವವರಿಗೂ ಕಾಣಬೇಕು. ಜೊತೆಗೆ ಜೋಡಿನಳಿಗೆ ಎಂದರೆ ಒಂದು ಹಿಡಿಗೆ ಎರಡು ಕೋವಿ. ಎರಡಕ್ಕೂ ಬೇರೆ ಬೇರೆ ಸ್ಪ್ರಿಂಗು, ಬೇರೆ ಪಿನ್ನು. ಒಂದು ಕೈಕೊಟ್ಟರೂ ಇನ್ನೊಂದಿದೆ. ಇದನ್ನೇ ನಾವು ಆಫೀಸಿನಲ್ಲಿ ರಿಡಂಡೆನ್ಸಿ ಎನ್ನುತ್ತೇವೆ.

ಅಪ್ಪನಿಗೆ ಇನ್ನೊಂದು ಕಾರಣವೂ ಇತ್ತು. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ.

ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಒಂದರ ಹಿಂದೊಂದು ಎರಡು ಗುಂಡು. ಫೋನಿಲ್ಲದ ಕಾಲದಲ್ಲಿ ಬೆಟ್ಟದಾಚೆಗೆ ಸುದ್ದಿ ಮುಟ್ಟಿಸಿದ್ದೇ ಕೋವಿ. ನಾನು ಹೈಸ್ಕೂಲಿಗೆ ಹೋಗುವ ಮೊದಲೇ ಒಂದು ಮಳೆಗಾಲದಲ್ಲಿ ಅಜ್ಜ ಹೋದರು. ಅಪ್ಪ ಅಂಗಳಕ್ಕೆ ಇಳಿದು ಇದೇ ಬೆಲ್ಜಿಯಂ ಕೋವಿ ಎತ್ತಿದರು. ಮೊದಲನೆಯದು ಹಾರಿತು. ಎರಡನೆಯದು ‘ಟಕ್’ ಎಂದಿತು, ಅಷ್ಟೇ. ಎಡಗಡೆಯ ಸ್ಪ್ರಿಂಗ್ ಸೋತಿತ್ತು, ಪಿನ್ ಕೇಪಿಗೆ ಸರಿಯಾಗಿ ಬಡಿಯಲಿಲ್ಲ. ಹಾರದ ತೋಟಾವನ್ನು ತಕ್ಷಣ ತೆಗೆಯಬಾರದು, ಮದ್ದು ತಡವಾಗಿ ಹೊತ್ತಿಕೊಳ್ಳಬಹುದು. ಅಪ್ಪ ನಳಿಗೆಯನ್ನು ಮೇಲಕ್ಕೆ ಹಿಡಿದು ಮಳೆಯಲ್ಲಿ ನಿಂತೇ ಇದ್ದರು. ಬೇರೆ ತೋಟಾ ಹಾಕಿದಾಗ ತಡವಾಗಿತ್ತು. ಗದ್ದೆಯಾಚೆಯ ಮನೆಯಿಂದ ಒಬ್ಬರು, ಯಾರಿಗೋ ಹೆರಿಗೆಯಾಗಿದೆ ಎಂದುಕೊಂಡು ನಗುತ್ತಲೇ ಬಂದಿದ್ದರು. ಅಂಗಳಕ್ಕೆ ಕಾಲಿಟ್ಟಾಗ ಅವರ ಮುಖ ಹೇಗಾಯಿತು ಎಂಬುದು ನನಗೆ ಇನ್ನೂ ನೆನಪಿದೆ.

ಅಪ್ಪನಿಗೆ ಈಗ ಎಪ್ಪತ್ತಾರು. ಎರಡು ಗುಂಡೂ ಹಾರುವ ಕೋವಿ ಮನೆಯಲ್ಲಿ ಇರಬೇಕು ಎಂದು ಅವರಿಗೆ ಯಾಕೆ ಅನಿಸಿತು ಎಂದು ನಾನು ಕೇಳಲಿಲ್ಲ. ಎಕ್ಸೆಲ್ ಮುಚ್ಚಿದೆ.

ಹೊಸ ವಿದೇಶಿ ಕೋವಿ ಸಿಗುವುದು ದೂರದ ಮಾತು. ಎಂಬತ್ತರ ದಶಕದಿಂದ ಸಾಮಾನ್ಯರಿಗೆ ಆಮದು ಬಂದ್ ಆಗಿದೆ, ಹೆಸರಾಂತ ಶೂಟರ್‌ಗಳ ಮಾತು ಬೇರೆ. ಉಳಿದದ್ದು ಎರಡು ದಾರಿ: ಸರ್ಕಾರಿ ಆರ್ಡನೆನ್ಸ್ ಕಾರ್ಖಾನೆಯ ಹನ್ನೆರಡು ಬೋರ್, ಅಥವಾ ಮೊದಲೇ ದೇಶದೊಳಗೆ ಇರುವ ಹಳೆಯ ಒಳ್ಳೆಯ ಕೋವಿ. ಹನ್ನೆರಡು ಬೋರ್ ಎಂದರೆ, ಒಂದು ಪೌಂಡ್ ಸೀಸದಿಂದ ಹನ್ನೆರಡು ಸಮನಾದ ಗುಂಡು ಮಾಡಿದರೆ ಆ ಒಂದು ಗುಂಡು ಹಿಡಿಸುವಷ್ಟು ಬಾಯಿ, ಸುಮಾರು 18.5 ಮಿಲಿಮೀಟರ್. ಅಪ್ಪನ ಮನಸ್ಸು ಹಳೆಯದರ ಮೇಲೆ. ಹಾಗಾಗಿ ಡೀಲರುಗಳ ಅಂಗಡಿ ಸುತ್ತುವುದಾಯಿತು. ಅಲ್ಲಿ ಅಪ್ಪ ಕೋವಿ ನೋಡಿದ ರೀತಿಯನ್ನು ಇಲ್ಲಿ ಬರೆದಿಡುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ಬೇಕಾಗಬಹುದು.

ಕೈಗೆ ಕೊಟ್ಟ ಕೂಡಲೇ ಮೊದಲು ಮಡಚಿ, ಖಾಲಿಯಿದೆಯೇ ಎಂದು ನೋಡಿದರು. ಅಂಗಡಿಯವರು ಈಗಷ್ಟೇ ನೋಡಿ ಕೊಟ್ಟಿದ್ದರೂ ಮತ್ತೆ ನೋಡಿದರು. ಆಮೇಲೆ ನಳಿಗೆಯ ಕೆಳಗಿನ ಮರದ ತುಂಡು ಬಿಚ್ಚಿ, ಕೋವಿ ಮುಚ್ಚಿ, ಹಿಡಿ ಹಿಡಿದು ಅಲ್ಲಾಡಿಸಿದರು. ಕೀಲು ಸವೆದಿದ್ದರೆ ಇಲ್ಲಿ ಕೈಗೆ ತಿಳಿಯುತ್ತದೆ. ನಳಿಗೆಯನ್ನು ಬಿಡಿಸಿ ಕೊಕ್ಕೆಯಿಂದ ತೂಗಿಸಿ ಬೆರಳಿನ ಗೆಣ್ಣಿನಿಂದ ತಟ್ಟಿದರು. ಗಂಟೆಯ ಹಾಗೆ ನಾದ ಬಂದರೆ ಸರಿ. ಮಂಕು ಸದ್ದು ಬಂದರೆ ಎರಡು ನಳಿಗೆಯ ನಡುವಿನ ಪಟ್ಟಿಯ ಬೆಸುಗೆ ಬಿಟ್ಟಿದೆ ಎಂದರ್ಥ. ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡಿದರು. ಬೆಳಕಿನ ಉಂಗುರಗಳು ಒಂದರೊಳಗೊಂದು ದುಂಡಗೆ ಕೂತಿರಬೇಕು. ಎಲ್ಲಾದರೂ ಸೊಟ್ಟಗಾದರೆ ಅಲ್ಲಿ ತಗ್ಗಿದೆ.

ನಂತರ ನಳಿಗೆಯ ಚಪ್ಪಟೆ ಭಾಗದ ಮುದ್ರೆಗಳು. ಬೆಲ್ಜಿಯಂನ ಲಿಯೇಜಿನದ್ದಾದರೆ ಕಿರೀಟದ ಕೆಳಗೆ ಅಂಡಾಕಾರದೊಳಗೆ ಇಎಲ್‌ಜಿ ಅಕ್ಷರಗಳು. ಬರ್ಮಿಂಗ್‌ಹ್ಯಾಮಿನದ್ದಾದರೆ ಕಿರೀಟದ ಕೆಳಗೆ ಬಿಎನ್‌ಪಿ, ಅಂದರೆ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾಗಿದೆ ಎಂದು. ತೋಟಾ ಕೂರುವ ಗೂಡಿನ ಉದ್ದವನ್ನೂ ನೋಡಬೇಕು. ಹಳೆಯವು 65 ಮಿಲಿಮೀಟರ್, ಈಗಿನ ತೋಟಾ 70. ಚಿಕ್ಕ ಗೂಡಿನಲ್ಲಿ ಉದ್ದದ ತೋಟಾ ಸುಮ್ಮನೆ ಕೂತುಬಿಡುತ್ತದೆ, ಅದೇ ಅಪಾಯ. ಹಾರುವಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ.

ಕೊನೆಯದು ಹೆಗಲಿನ ಪರೀಕ್ಷೆ. ಅಪ್ಪ ಅದನ್ನು ನನ್ನಿಂದ ಮಾಡಿಸಿದರು. ಖಾಲಿ ಕೋವಿ, ಎದುರಿಗೆ ಬರೀ ಗೋಡೆ. ಕಣ್ಣು ಮುಚ್ಚಿ ಹೆಗಲಿಗೇರಿಸಿ, ಆಮೇಲೆ ಕಣ್ಣು ತೆರೆಯಬೇಕು. ದೃಷ್ಟಿ ನೇರ ನಳಿಗೆಯ ನಡುಪಟ್ಟಿಯ ಮೇಲೆ ಹರಿದರೆ ಕೋವಿ ನಿಮ್ಮದು. ಕತ್ತು ಬಗ್ಗಿಸಬೇಕಾಗಿ ಬಂದರೆ ಬೇರೆಯವರದ್ದು. ಬಾತಿಗೆ ಮಾಡಿದ ಕೋವಿಯ ಗುಟ್ಟು ಇದೇ. ಹಾರುವ ಹಕ್ಕಿಗೆ ಗುರಿ ಹಿಡಿಯಲು ಹೊತ್ತಿರುವುದಿಲ್ಲ. ಕಣ್ಣು ಹೋದಲ್ಲಿಗೆ ನಳಿಗೆ ಹೋಗಬೇಕು.

ನಾಲ್ಕನೆಯ ಅಂಗಡಿಯಲ್ಲಿ ಸಿಕ್ಕಿದ್ದು ವೆಬ್ಲಿ ಅಂಡ್ ಸ್ಕಾಟ್ ಕಂಪನಿಯ ಜೋಡಿನಳಿಗೆ, ಇಪ್ಪತ್ತೆಂಟು ಇಂಚಿನದು. ಗೂಡು 70 ಮಿಲಿಮೀಟರ್. ಮಕ್ಕಳೆಲ್ಲ ಹೊರದೇಶ ಸೇರಿದ ಮನೆಯೊಂದರವರು ಕೊಟ್ಟುಹೋದದ್ದಂತೆ. ಕಾಗದಪತ್ರ ಮುಗಿಯಲು ನಾಲ್ಕು ತಿಂಗಳಾಯಿತು. ಬೆಲ್ಜಿಯಂ ಕೋವಿ ಪತ್ರದಲ್ಲಿ ಮೊದಲಿನಂತೆ ಇದೆ, ಈಡು ಹಾಕುವುದು ನಿಂತಿದೆ.

ತೋಟಾ ತೆಗೆದುಕೊಳ್ಳುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಹಿತ್ತಾಳೆಯ ತಳದಲ್ಲಿ ಕೆಎಫ್ ಎಂಬ ಅಕ್ಷರಗಳು. ಚಿಕ್ಕಂದಿನಲ್ಲಿ ಖಾಲಿ ತೋಟಾ ಆರಿಸಿ ಆಡುವಾಗ ದಿನಾ ನೋಡಿದ ಅಕ್ಷರಗಳು. ಕೆ ಎಂದರೆ ಕಿರ್ಕಿ, ಈಗಿನ ಖಡಕಿ. 1869ರಲ್ಲಿ ಶುರುವಾದ ಅಲ್ಲಿಯ ಮದ್ದುಗುಂಡು ಕಾರ್ಖಾನೆಯ ಮುದ್ರೆ ಅದು. ನಾನು ಹನ್ನೆರಡು ವರ್ಷದಿಂದ ಆಕುರ್ಡಿಯಲ್ಲಿ ಲೋಕಲ್ ಹತ್ತಿ ಖಡಕಿ ಸ್ಟೇಷನ್ ದಾಟುತ್ತಿದ್ದೇನೆ. ನಮ್ಮೂರಿನ ಅಂಗಳಕ್ಕೆ ಪುಣೆ ನನಗಿಂತ ಮೊದಲೇ ಬಂದು ಕೂತಿತ್ತು.

ಇನ್ನು ಬಾತುಗಳ ಮಾತು. ಒಳ್ಳೆಯ ಕೋವಿ ಮನುಷ್ಯನ ಕೈಯಲ್ಲಿ ಏನು ಮಾಡಬಲ್ಲದು ಎಂಬುದಕ್ಕೆ ಭರತಪುರದ ಕಲ್ಲು ಸಾಕ್ಷಿ. 1938ರ ನವೆಂಬರ್ 12ರಂದು ವೈಸ್‌ರಾಯ್ ಲಿನ್‌ಲಿತ್‌ಗೋ ಬಂದಾಗ ಒಂದೇ ದಿನ ಬಿದ್ದ ಹಕ್ಕಿಗಳ ಸಂಖ್ಯೆ 4,273 ಎಂದು ಅಲ್ಲಿ ಕೆತ್ತಿದ್ದಾರೆ. ಅಂದಿನ ಕೋವಿಗಳೂ ನಂಬಿಕೆಯವೇ ಆಗಿದ್ದವು. ಚಳಿಗಾಲದಲ್ಲಿ ನಾವು ಲೋಣಿ ಕಾಳಭೋರ್ ಹತ್ತಿರದ ಕವಡಿಗೋ, ಉಜನಿ ಹಿನ್ನೀರಿನ ಭಿಗವಣ್‌ಗೋ ಹೋಗುತ್ತೇವೆ. ಲಡಾಖ್, ಟಿಬೆಟ್ ಕಡೆಯಿಂದ ಇಳಿದ ಚಕ್ರವಾಕಗಳು, ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿರುತ್ತವೆ. ಒಮ್ಮೆ ಅಪ್ಪನನ್ನೂ ಕರೆದೊಯ್ದಿದ್ದೆ. ದೋಣಿಯ ಮೇಲೆ ಒಂದು ಹಿಂಡು ಹಾದಾಗ ಅವರ ಎಡಗೈ ತಾನಾಗಿ ಮೇಲೆದ್ದು, ಹಕ್ಕಿಗಿಂತ ಒಂದು ಮಾರು ಮುಂದಕ್ಕೆ ತೂಗಿ ಹೋಯಿತು. ಆಮೇಲೆ ನಕ್ಕು, ‘ನಲವತ್ತು ಗಜ. ಬಿಡು, ಚೆನ್ನಾಗಿವೆ’ ಎಂದರು.

ಕಳೆದ ಸೆಪ್ಟೆಂಬರ್ 3ರ ಕೈಲ್ ಪೊಳ್ದಿಗೆ ಹೊಸ ಕೋವಿಯೂ ಹಳೆಯದರ ಪಕ್ಕ ನಿಂತಿತು, ಎರಡಕ್ಕೂ ತೋಕ್ ಪೂ ಸಿಕ್ಕಿಸಿ. ಪೂಜೆಯಾದ ಮೇಲೆ, ಕಡಂಬುಟ್ಟು, ಪಂದಿಕರಿಗೆ ಕೂರುವ ಮೊದಲು, ತೆಂಗಿನಕಾಯಿಗೆ ಗುರಿ. ಅಪ್ಪ ನನ್ನ ಹನ್ನೆರಡು ವರ್ಷದ ಮಗಳನ್ನು ಕರೆದು ಖಾಲಿ ಕೋವಿ ಮಡಚಿ ಹಿಡಿಯುವುದನ್ನು ಹೇಳಿಕೊಟ್ಟರು. ತೋಟಾ ಮುಟ್ಟಲು ಬಿಡಲಿಲ್ಲ. ‘ಮೊದಲು ಎಲ್ಲರಿಗೂ ತೋರಿಸು’ ಎಂದರು. ಅವಳು ಅವ್ವನಿಂದ ಶುರುಮಾಡಿ ಅಂಗಳದಲ್ಲಿದ್ದ ಒಬ್ಬೊಬ್ಬರ ಎದುರೂ ನಿಂತು ತೋರಿಸಿದಳು. ಆಮೇಲೆ ಅಪ್ಪ ತೆಗೆದುಕೊಂಡು ಎರಡು ಹಾಕಿದರು. ಎರಡೂ ಹಾರಿದವು. ಕಾಯಿ ಒಡೆಯಲಿಲ್ಲ, ಅದರ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳಲಿಲ್ಲ.

ಊರಿನ ಮನೆಯ ಮೂಲೆಯಲ್ಲಿ ಹಿರಿಯರ ಕೋವಿ ಇರುವವರಿಗೆ ಒಂದು ಮಾತು. ಮುಂದಿನ ರಜೆಗೆ ಹೋದಾಗ ಅದನ್ನು ತಿಳಿದವರಿಗೆ ತೋರಿಸಿ. ಚರ್ಮದ ಚೀಲದಲ್ಲಿ ಇಟ್ಟಿದ್ದರೆ ಹೊರಗೆ ತೆಗೆಯಿಸಿ, ನಮ್ಮ ಮಳೆಗೆ ಚರ್ಮ ನೀರು ಹಿಡಿದು ಉಕ್ಕನ್ನು ತಿನ್ನುತ್ತದೆ. 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಮೇಲೆ ಒಬ್ಬರ ಹೆಸರಿಗೆ ಎರಡಕ್ಕಿಂತ ಹೆಚ್ಚು ಇರುವಂತಿಲ್ಲ, ಎಣಿಸಿಕೊಳ್ಳಿ. ಮುಂದೆ ಅದು ಯಾರ ಹೆಸರಿಗೆ ಹೋಗಬೇಕು ಎಂಬುದನ್ನು ಹಿರಿಯರು ಇರುವಾಗಲೇ ಕೂತು ಮಾತಾಡಿ. ನಮ್ಮ ಮನೆಯಲ್ಲಿ ಆ ಮಾತು ಆಗಿದೆ. ಮಗಳಿಗೆ ಇನ್ನೂ ಒಂಬತ್ತು ವರ್ಷ ಕಾಯಬೇಕು.