ಉಪಚಾರದ ಹೊತ್ತು

ಮೈಗೆ ಎಣ್ಣೆ ತಿಕ್ಕಿಸಿಕೊಂಡು, ಹಂಡೆಯ ಬಿಸಿನೀರನ್ನು ಹುಯ್ಯಿಸಿಕೊಂಡು, ಅನಂತರ ಯಾವ ಕೆಲಸಕ್ಕೂ ಏಳಬೇಕಾಗಿಲ್ಲವೆಂಬ ನಿಶ್ಚಿಂತೆಯಿಂದ ಹೊದೆದು ಮಲಗುವ ಸುಖವನ್ನು ನಮ್ಮ ಹಿರಿಯರು ಭೋಗವೆಂದು ಎಣಿಸಿದವರಲ್ಲ. ಅದು ಅವರಿಗೆ ದಿನಚರ್ಯೆಯ ಒಂದು ಅಂಗ, ವಾರಕ್ಕೊಮ್ಮೆಯಾದರೂ ನಡೆಯತಕ್ಕ ವಿಧಿ. ಆಯುರ್ವೇದದ ಆಚಾರ್ಯನಾದ ವಾಗ್ಭಟನು ಅಷ್ಟಾಂಗಹೃದಯದ ಸೂತ್ರಸ್ಥಾನದ ಎರಡನೆಯ ಅಧ್ಯಾಯದಲ್ಲಿಯೇ ಅಭ್ಯಂಗವನ್ನು ನಿತ್ಯಕರ್ಮಗಳ ಸಾಲಿಗೆ ಸೇರಿಸಿ, ತಲೆ ಕಿವಿ ಪಾದಗಳಿಗೆ ಎಣ್ಣೆಯನ್ನು ವಿಶೇಷವಾಗಿ ಊಡಬೇಕೆಂದು ವಿಧಿಸಿ, ಅದು ಶ್ರಮವನ್ನೂ ವಾತವನ್ನೂ ಕಳೆದು ಒಳ್ಳೆಯ ನಿದ್ರೆಯನ್ನು ತರುವುದೆಂದು ಹೇಳಿದ್ದಾನೆ. ಅಜೀರ್ಣವುಳ್ಳವನಿಗೆ ಅದು ಸಲ್ಲದೆಂಬ ಎಚ್ಚರವನ್ನೂ ಅಲ್ಲಿಯೇ ಕೊಟ್ಟಿದ್ದಾನೆ. ದೀಪಾವಳಿ ಬಂತೆಂದರೆ ಹಂಡೆಯನ್ನು ಬೆಳಗಿ, ಅದರ ಕೊರಳಿಗೆ ಬಳ್ಳಿ ಸುತ್ತಿ, ನೀರು ತುಂಬುವುದನ್ನೇ ಒಂದು ಹಬ್ಬವಾಗಿ ಆಚರಿಸುವ ನಾಡಿನಲ್ಲಿ ಸ್ನಾನದ ಮಹಿಮೆಯನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಆದರೆ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಹಂಡೆಯಿಲ್ಲ, ಉರಿಯಿಲ್ಲ, ಎಲ್ಲಕ್ಕಿಂತ ಮಿಗಿಲಾಗಿ ಬೆನ್ನಿಗೆ ಎಣ್ಣೆ ತಿಕ್ಕಲು ಬಿಡುವುಳ್ಳ ಕೈಯಿಲ್ಲ. ಈ ಕೊರತೆ ಸಾಮಾನ್ಯವಾದುದಲ್ಲ. ಆದಕಾರಣ ದೊಡ್ಡ ಹೋಟೆಲುಗಳು ಸ್ಪಾ ಎಂದೂ ಜಿಮ್ ಎಂದೂ ಏರ್ಪಾಟು ಮಾಡಿ, ಅಲ್ಲಿ ತಂಗದವರಿಗೂ ಒಂದು ದಿನದ ಮಟ್ಟಿಗೆ ಪ್ರವೇಶ ಕೊಡುವುದನ್ನು ಆಡಂಬರವೆಂದು ಹಳಿಯುವ ಗೆಳೆಯರ ಮಾತಿಗೆ ನಾನು ಎಂದೂ ತಲೆದೂಗಿದವನಲ್ಲ. ಮನೆ ಕೊಡಲಾರದ ಉಪಚಾರವನ್ನು ಹಣ ತೆತ್ತಾದರೂ ಪಡೆಯಬಹುದಾದರೆ ಅದು ಒಳ್ಳೆಯದೇ ಸರಿ.

ಈ ನಂಬಿಕೆಯಿಂದಲೇ ನಾನು ನಗರದ ಒಂದು ಪಂಚತಾರಾ ಹೋಟೆಲಿಗೆ, ಸಾಧಾರಣ ಸಂಸಾರಕ್ಕೆ ಒಂದು ತಿಂಗಳ ದಿನಸಿಯಾಗುವಷ್ಟು ಹಣವನ್ನು ಮುಂಗಡವಾಗಿ ಕಟ್ಟಿ, ಒಂದು ಭಾನುವಾರ ಬೆಳಗ್ಗೆ ಹೋದೆ. ಅಮೃತಶಿಲೆಯ ನೆಲವೂ, ಹಿತ್ತಾಳೆಯ ಉರುಳಿಯಲ್ಲಿ ತೇಲಿಬಿಟ್ಟ ಹೂವಿನ ಎಸಳುಗಳೂ ಕಣ್ಣಿಗೆ ತಂಪಾಗಿದ್ದವು. ಒಂದು ನಮೂನೆಯನ್ನು ತುಂಬಿಸಿಕೊಂಡರು. ಹೆಸರು, ಫೋನ್ ನಂಬರು, ಹುಟ್ಟಿದ ದಿನ, ಇವರ ಬಗ್ಗೆ ಯಾರಿಂದ ತಿಳಿಯಿತೆಂಬ ವಿವರ, ಎಲ್ಲಕ್ಕೂ ಅದರಲ್ಲಿ ಜಾಗವಿತ್ತು. ರಕ್ತದೊತ್ತಡ ಉಂಟೇ, ತಿಂಡಿ ತಿಂದು ಎಷ್ಟು ಹೊತ್ತಾಯಿತು ಎಂಬ ಪ್ರಶ್ನೆಗಳು ಅದರಲ್ಲಿರಲಿಲ್ಲ. ಯಾರೂ ಬಾಯಿಮಾತಿನಲ್ಲಿಯೂ ಕೇಳಲಿಲ್ಲ. ಬಿಸಿಯ ಕೋಣೆಯೊಳಕ್ಕೆ ಕಳುಹಿಸುವ ಮುನ್ನ ಮನುಷ್ಯನನ್ನು ಕೇಳತಕ್ಕ ಮೊದಲ ಮಾತುಗಳೇ ಇವು.

ಸೌನಾ ಎಂಬುದು ಫಿನ್ಲೆಂಡಿನವರ ಸ್ನಾನ. ಅವರು ಅದನ್ನು ಎಷ್ಟು ಗೌರವದಿಂದ ಕಾಪಾಡಿಕೊಂಡು ಬಂದಿದ್ದಾರೆಂದರೆ 2020ರಲ್ಲಿ ಯುನೆಸ್ಕೋ ಸಂಸ್ಥೆಯು ಆ ಸಂಸ್ಕೃತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಎಂಬತ್ತು ಡಿಗ್ರಿಗೂ ಮೇಲ್ಪಟ್ಟು ಕಾದ ಮರದ ಕೋಣೆಯಲ್ಲಿ, ಒಲೆಯ ಮೇಲಿನ ಕಲ್ಲುಗಳಿಗೆ ಆಗಾಗ್ಗೆ ನೀರೆರಚಿ, ಭುಸ್ಸೆಂದು ಎದ್ದ ಆವಿಯನ್ನು ಮೈಮೇಲೆ ಬರಮಾಡಿಕೊಳ್ಳುವುದೇ ಅದರ ಜೀವಾಳ. ನಾನು ಹೊಕ್ಕ ಕೋಣೆಯಲ್ಲಿ ತಾಪಮಾಪಕವು ಐವತ್ತನ್ನು ದಾಟದೆ ನಿಂತಿತ್ತು. ಕಲ್ಲುಗಳಿಗೆ ನೀರು ಹಾಕಕೂಡದೆಂದು ಗೋಡೆಗೆ ಫಲಕ ತೂಗುಹಾಕಿದ್ದರು. ಬೇಸಿಗೆಯ ರಾಯಚೂರಿನಲ್ಲಿ ಹೆಂಚಿನ ಮಾಡಿನ ಕೆಳಗೆ ಕುಳಿತ ಹಾಗಿತ್ತು. ಈಜುಕೊಳದ ಬಳಿಯಲ್ಲಿ ಕಣ್ಣುರಿಸುವ ಘಾಟು. ಇದನ್ನು ಕ್ಲೋರಿನ್ನಿನ ವಾಸನೆಯೆಂದೂ, ಆದ್ದರಿಂದ ನೀರು ಶುದ್ಧವೆಂದೂ ಬಹುಮಂದಿ ತಿಳಿಯುತ್ತಾರೆ. ವಾಸ್ತವವಾಗಿ ಕ್ಲೋರಿನ್ ಈಜುವವರ ಬೆವರು ಮೂತ್ರಗಳೊಡನೆ ಕೂಡಿದಾಗ ಹುಟ್ಟುವ ಕ್ಲೋರಮೈನುಗಳ ಘಾಟು ಅದು. ಚೆನ್ನಾಗಿ ನೋಡಿಕೊಂಡ ಕೊಳಕ್ಕೆ ಇಷ್ಟು ಘಾಟು ಇರಕೂಡದು. ನಾನು ನೀರಿಗಿಳಿಯಲಿಲ್ಲ.

ಜಿಮ್ಮಿನಲ್ಲಿ ಯಂತ್ರಗಳಿಗೇನೂ ಕೊರತೆಯಿರಲಿಲ್ಲ. ಕೊರತೆಯಿದ್ದುದು ನೋಡುವ ಕಣ್ಣಿಗೆ. ತರಬೇತುದಾರರ ಮಾರ್ಗದರ್ಶನ ಹೋಟೆಲಿನಲ್ಲಿ ತಂಗಿದವರಿಗೆ ಮಾತ್ರವೆಂದು ಅಲ್ಲಿಗೆ ಹೋದಮೇಲೆ ತಿಳಿಯಿತು. ಮೈಸೂರಿನ ಗರಡಿಗಳಲ್ಲಿ ಈಗಲೂ ಮಟ್ಟಿಯನ್ನು ಅಗೆದು ಹದಗೊಳಿಸಿ, ಹನುಮಂತನಿಗೆ ಕೈಮುಗಿದು ಒಳಗಿಳಿದ ಹುಡುಗನು ಸಾಮು ತೆಗೆಯುವಾಗ ಉಸ್ತಾದನು ಒಂದು ಮೂಲೆಯಲ್ಲಿ ಕುಳಿತು ಅವನ ಬೆನ್ನು ಬಾಗಿದುದನ್ನೂ ಉಸಿರು ಕಟ್ಟಿದುದನ್ನೂ ಗಮನಿಸುತ್ತಿರುತ್ತಾನೆ. ಇದೇ ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿ, ‘ಶಾಂತಲಾ’, ‘ರೂಪದರ್ಶಿ’ಗಳಂಥ ಕಾದಂಬರಿಗಳನ್ನೂ ಬರೆದ ಕೆ. ವಿ. ಅಯ್ಯರ್ ಅವರು ದೇಹಸಾಧನೆಯನ್ನು ಒಂದು ವಿದ್ಯೆಯೆಂದೇ ಭಾವಿಸಿದವರು. ವಿದ್ಯೆಯೆಂದಮೇಲೆ ಹೇಳಿಕೊಡುವವನೊಬ್ಬ ಬೇಕು. ಕಬ್ಬಿಣವನ್ನು ಸಾಲಾಗಿ ಜೋಡಿಸಿಟ್ಟ ಮಾತ್ರಕ್ಕೆ ಅದು ಬಾರದು.

ಇಷ್ಟನ್ನೂ ನಾನು ಮನ್ನಿಸಿಬಿಡುತ್ತಿದ್ದೆ, ಅಭ್ಯಂಗವೊಂದು ನೆಟ್ಟಗೆ ನಡೆದಿದ್ದರೆ. ಒಂದು ಗಂಟೆಯ ಸೇವೆಯೆಂದು ಪಟ್ಟಿಯಲ್ಲಿತ್ತು. ಕಾಲು ಗಂಟೆ ಹೊರಗೆ ಕಾಯಿಸಿ ಒಳಕ್ಕೆ ಕರೆದರು. ಬಂದ ಯುವಕ ಹಾಸನದ ಕಡೆಯವನು, ಕೇರಳದಲ್ಲಿ ಈ ಕೆಲಸವನ್ನು ಕಲಿತುಬಂದವನು. ಏಸಿಯ ಚಳಿಯಲ್ಲಿ ಬರಿಮೈಯಾಗಿ ಮಲಗಿದವನ ಬೆನ್ನಿಗೆ ಅವನು ಪ್ಲಾಸ್ಟಿಕ್ ಸೀಸೆಯಿಂದ ಎಣ್ಣೆಯನ್ನು ಹಿಂಡಿದಾಗ ಮೈ ಜುಮ್ಮೆಂದಿತು. ಎಣ್ಣೆಯನ್ನು ಬೆಚ್ಚಗೆ ಮಾಡಿರಲಿಲ್ಲ. ಕೇಳಿದುದಕ್ಕೆ, “ಕಾಯಿಸೋಕೆ ಟೈಮಿಲ್ಲ ಸಾರ್, ಒಬ್ಬರು ಹೋಗೋದ್ರೊಳಗೆ ಇನ್ನೊಬ್ಬರ್ನ ಕಳಿಸ್ತಾರೆ” ಎಂದ. ಅವನ ಬಲಗೈ ಮಣಿಕಟ್ಟಿಗೆ ಬಟ್ಟೆಯ ಪಟ್ಟಿ ಸುತ್ತಿತ್ತು. ಪಟ್ಟಿಯ ಅಂಚು ಎಣ್ಣೆ ಕುಡಿದು ಹಳದಿಗಟ್ಟಿತ್ತು. ನೋವೇ ಎಂದು ವಿಚಾರಿಸಿದೆ. “ಬೆಳಗ್ಗೆಯಿಂದ ಊಟಕ್ಕೂ ಎದ್ದಿಲ್ಲ, ಭಾನುವಾರ ಅಲ್ವಾ ಸಾರ್” ಎಂದಷ್ಟೇ ಹೇಳಿ ಎಡಗೈಯಿಂದ ಭುಜವನ್ನು ಒತ್ತತೊಡಗಿದ. ಆ ಕೈಯಲ್ಲಿ ವಿದ್ಯೆಯಿತ್ತು. ಬೆನ್ನುಮೂಳೆಯ ಇಕ್ಕೆಲಗಳಲ್ಲಿ ಗಂಟುಕಟ್ಟಿದ ಸ್ನಾಯುಗಳನ್ನು ಅವನ ಹೆಬ್ಬೆರಳು ತಾನಾಗಿಯೇ ಹುಡುಕಿಕೊಂಡು ಹೋಗಿ, ಅಲ್ಲಿ ತುಸು ನಿಂತು, ಇನ್ನೇನು ಗಂಟು ಸಡಿಲಿತು ಎನ್ನುವಷ್ಟರಲ್ಲಿ ಗೋಡೆಯ ಗಡಿಯಾರದ ಕಡೆ ಅವನ ಮುಖ ತಿರುಗುತ್ತಿತ್ತು, ಕೈ ಮುಂದಕ್ಕೆ ಸರಿಯುತ್ತಿತ್ತು. ವಾಗ್ಭಟನು ವಿಶೇಷವಾಗಿ ಹೇಳಿದ ಪಾದಗಳ ಸರದಿ ಬರುವ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ಕಾಯಿಸಿದ ಕಾಲು ಗಂಟೆಯನ್ನೂ ಆ ಒಂದು ಗಂಟೆಯಲ್ಲಿಯೇ ಕಳೆದಿದ್ದರು.

ಅಲ್ಲಿ ನಾನು ಹಣ ಕೊಟ್ಟು ಕೊಳ್ಳಹೋದುದು ಅಮೃತಶಿಲೆಯನ್ನಲ್ಲ, ಎಸಳುಗಳನ್ನಲ್ಲ. ನನ್ನ ಮೈಗಾಗಿಯೇ ಮೀಸಲಾದ ಒಂದಿಷ್ಟು ಹೊತ್ತನ್ನು, ಇನ್ನೊಬ್ಬ ಮನುಷ್ಯನ ಅವಿಚ್ಛಿನ್ನವಾದ ಗಮನವನ್ನು. ಮಿಕ್ಕೆಲ್ಲದರಲ್ಲಿಯೂ ಧಾರಾಳವಾಗಿದ್ದ ಆ ಸ್ಥಳವು ಆ ಒಂದರಲ್ಲಿ ಮಾತ್ರ ಕೈಬಿಗಿಹಿಡಿದಿತ್ತು. ಅದನ್ನು ನನಗೆ ಕೊಡಲಾಗದಿದ್ದುದು ಆ ಯುವಕನಿಗೂ ಅದನ್ನು ಅವರು ಕೊಡದೆ ಇದ್ದುದರಿಂದ. ಹಸಿದ ಹೊಟ್ಟೆಯ, ನೊಂದ ಮಣಿಕಟ್ಟಿನ ಮನುಷ್ಯನಿಂದ ಇನ್ನೊಬ್ಬರ ದೇಹಕ್ಕೆ ವಿಶ್ರಾಂತಿಯನ್ನು ಮಾಡಿಸಿಕೊಡುವೆನೆಂಬುದು ಹೇಗೆ ಸಾಧ್ಯ?

ಮನೆಗೆ ಬಂದು ವ್ಯವಸ್ಥಾಪಕರಿಗೆ ವಿವರವಾಗಿ ಕಾಗದ ಬರೆದೆ. ವಿಷಾದವನ್ನು ಸೂಚಿಸಿ, ಮುಂದಿನ ಭೇಟಿಗೆ ದರದಲ್ಲಿ ರಿಯಾಯಿತಿ ಕೊಡುವುದಾಗಿ ಉತ್ತರ ಬಂತು. ರಿಯಾಯಿತಿ ಬೇಡವೆಂದೂ, ಒಬ್ಬ ಅತಿಥಿಗೂ ಇನ್ನೊಬ್ಬನಿಗೂ ನಡುವೆ ಆ ಹುಡುಗರಿಗೆ ಅರ್ಧ ಗಂಟೆಯ ಬಿಡುವು, ಮಧ್ಯಾಹ್ನ ಕುಳಿತು ಉಣ್ಣುವ ಹೊತ್ತು, ಕೋಣೆಗೊಂದು ಎಣ್ಣೆ ಬಿಸಿಮಾಡುವ ಪಾತ್ರೆ, ಇಷ್ಟನ್ನು ಏರ್ಪಡಿಸಿದರೆ ಪೂರ್ತಿ ದರವನ್ನೇ ತೆತ್ತು ಬರುವೆನೆಂದೂ ಮತ್ತೆ ಬರೆದಿದ್ದೇನೆ.